ಕಬ್ಬಿಣದ ಕೈ, ಗೇಣಿಯ ಲೆಕ್ಕ

ನ್ಯೂರೆಂಬರ್ಗ್ ವ್ಯಾಪಾರಿಗಳನ್ನು ದಾರಿಯಲ್ಲಿ ಅಡ್ಡಗಟ್ಟಿ ಸುಲಿದವನೊಬ್ಬನ ಆತ್ಮಕಥೆ ಮೊದಲ ಬಾರಿಗೆ ಅಚ್ಚಾದದ್ದು ಅದೇ ನ್ಯೂರೆಂಬರ್ಗ್ ನಗರದಲ್ಲಿ. ಅದು 1731ರ ಮಾತು. ಹೇಳಿ ಬರೆಸಿದವನು ತೀರಿಕೊಂಡು ಆಗಲೇ 169 ವರ್ಷ ಕಳೆದಿತ್ತು. ಅವನ ಹೆಸರು ಗೋಟ್ಸ್ ಫಾನ್ ಬೆರ್ಲಿಖಿಂಗೆನ್. ಪುನರುಜ್ಜೀವನ ಕಾಲದ ಜರ್ಮನ್ ಕುಲೀನ ಎಂದರೆ ಇಂದಿಗೂ ಕಣ್ಣಮುಂದೆ ಬರುವ ಚಿತ್ರದಲ್ಲಿ ಈ ಪುಸ್ತಕದ ಪಾಲು ಬಹಳ ದೊಡ್ಡದು. ಕೋಟೆ, ಕುದುರೆ, ಹಗೆ, ಹಟ ಎಲ್ಲವೂ ಅದರಲ್ಲಿವೆ. ಆ ಕುಲೀನ ಯಾರ ದುಡಿಮೆಯನ್ನು ಉಂಡು ಬದುಕಿದ ಎಂಬುದು ಮಾತ್ರ ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದನ್ನು ಹುಡುಕಿ ತೆಗೆಯಲು ಇತಿಹಾಸಕಾರರಿಗೆ ಎರಡೂವರೆ ಶತಮಾನ ಹಿಡಿಯಿತು.

ಗೋಟ್ಸ್ ಹುಟ್ಟಿದ್ದು 1480ರ ಆಸುಪಾಸಿನಲ್ಲಿ, ಫ್ರಾಂಕೋನಿಯಾ ಸೀಮೆಯ ಯಾಗ್ಸ್ಟ್ ನದಿಯ ಕಣಿವೆಯಲ್ಲಿ. ದೊಡ್ಡ ಕುಟುಂಬದ ಕಿರಿಯ ಮಗ. 1504ರಲ್ಲಿ ಲಾಂಡ್ಸ್‌ಹುಟ್ ಮುತ್ತಿಗೆಯಲ್ಲಿ ಫಿರಂಗಿಯ ಗುಂಡು ಬಡಿದು ಬಲಗೈ ಹೋಯಿತು. ಆಮೇಲೆ ಮಾಡಿಸಿಕೊಂಡ ಕಬ್ಬಿಣದ ಕೈ ಅವನ ಹೆಸರಿಗೇ ಅಂಟಿಕೊಂಡಿತು. ಸ್ಪ್ರಿಂಗ್ ಮತ್ತು ಹಲ್ಲುಗಾಲಿಗಳಿಂದ ಬೆರಳು ಮಡಿಸಿ ಬಿಗಿದು ನಿಲ್ಲಿಸಬಹುದಾದ ಆ ಕೈ ಈಗಲೂ ಯಾಗ್ಸ್ಟ್‌ಹೌಸೆನ್ ಕೋಟೆಯಲ್ಲಿದೆ. ಈ ಕೈಯೊಂದಿಗೆ ಅವನು ಹಗೆ ಸಾಧಿಸಿದ್ದು ಒಬ್ಬಿಬ್ಬರ ಮೇಲಲ್ಲ. ಸ್ಟುಟ್‌ಗಾರ್ಟ್‌ನ ದರ್ಜಿಯೊಬ್ಬ ಕೊಲೋನ್ ನಗರದ ಗುರಿ ಹೊಡೆಯುವ ಪಂದ್ಯದಲ್ಲಿ ಗೆದ್ದ 100 ಗುಲ್ಡನ್ ಬಹುಮಾನವನ್ನು ನಗರದವರು ಕೊಡದೆ ಸತಾಯಿಸಿದರು ಎಂಬ ನೆಪ ಹಿಡಿದು ಗೋಟ್ಸ್ ಇಡೀ ಕೊಲೋನಿನ ಮೇಲೆ ಹಗೆ ಸಾರಿದ, ಅಲ್ಲಿನ ವ್ಯಾಪಾರಿಗಳನ್ನು ಹಿಡಿದ. 1512ರಲ್ಲಿ ಲೈಪ್‌ಜಿಗ್ ಸಂತೆಯಿಂದ ಮರಳುತ್ತಿದ್ದ ನ್ಯೂರೆಂಬರ್ಗ್ ವ್ಯಾಪಾರಿಗಳನ್ನು ಫೋರ್ಕ್‌ಹೈಮ್ ಬಳಿ ದೋಚಿದ. ಸಾಮ್ರಾಟ ಮ್ಯಾಕ್ಸಿಮಿಲಿಯನ್ ಬಹಿಷ್ಕಾರ ಹಾಕಿದ. ಅದು 1514ರಲ್ಲಿ ತೆರವಾಗಲು 14,000 ಗುಲ್ಡನ್ ದಂಡ ತೆರಬೇಕಾಯಿತು. 1516ರಲ್ಲಿ ವಾಲ್ಡೆಕ್‌ನ ಕೌಂಟನನ್ನೇ ಸೆರೆಹಿಡಿದು ದೊಡ್ಡ ಮೊತ್ತದ ಒತ್ತೆಹಣ ವಸೂಲು ಮಾಡಿದ. ಮರುವರ್ಷವೇ 6,500 ಗುಲ್ಡನ್ ಕೊಟ್ಟು ನೆಕರ್ ನದಿಯ ದಂಡೆಯ ಹೋರ್ನ್‌ಬರ್ಗ್ ಕೋಟೆಯನ್ನು ಕೊಂಡ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ಓದಬೇಕು ಎಂಬುದು ಬಹುಕಾಲ ಯಾರಿಗೂ ಮುಖ್ಯವಾಗಿ ತೋರಲಿಲ್ಲ.

ತೋರದಂತೆ ಮಾಡಿದವನು ಗಯಟೆ. 1773ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಆತ್ಮಕಥೆಯನ್ನು ಮುಂದಿಟ್ಟುಕೊಂಡು ಅವನು ಪ್ರಕಟಿಸಿದ ನಾಟಕದಲ್ಲಿ ಗೋಟ್ಸ್ ಸ್ವಾತಂತ್ರ್ಯದ ಮೂರ್ತಿಯಾಗಿ, ಕೆಟ್ಟ ಕಾಲಕ್ಕೆ ಬಲಿಯಾದ ಸತ್ಯವಂತನಾಗಿ ನಿಲ್ಲುತ್ತಾನೆ. ವಾಲ್ಟರ್ ಸ್ಕಾಟ್ 1799ರಲ್ಲಿ ಇದನ್ನು ಇಂಗ್ಲಿಷಿಗೆ ತಂದ. ನಾಟಕದ ಗೋಟ್ಸ್ 1525ರ ಜರ್ಮನ್ ರೈತಯುದ್ಧದ ಬೆನ್ನಿಗೇ ಸೆರೆಯಲ್ಲಿ ಸಾಯುತ್ತಾನೆ. ನಿಜವಾದ ಗೋಟ್ಸ್ ಅದಾದ ಮೇಲೂ ಸುಮಾರು 37 ವರ್ಷ ಬದುಕಿದ್ದ. ಎಂಬತ್ತು ದಾಟಿ 1562ರ ಜುಲೈ 23ರಂದು ತನ್ನ ಹೋರ್ನ್‌ಬರ್ಗ್‌ನಲ್ಲೇ ಕಣ್ಣುಮುಚ್ಚಿದ. ನಾಟಕಕಾರನಿಗೆ ಬೇಡವಾದ ಆ ವರ್ಷಗಳು ಇತಿಹಾಸಕಾರನಿಗೆ ಬಲು ಬೆಲೆಯುಳ್ಳವು, ಏಕೆಂದರೆ ಜಮೀನ್ದಾರನಾಗಿ ಅವನು ಬದುಕಿದ್ದು ಆಗಲೇ. ರೈತಯುದ್ಧದಲ್ಲಿ ವಹಿಸಿದ ಪಾತ್ರಕ್ಕಾಗಿ ಅವನನ್ನು ಸೆರೆಯಲ್ಲಿಟ್ಟಿದ್ದ ದಕ್ಷಿಣ ಜರ್ಮನಿಯ ಸ್ವಾಬಿಯಾ ಒಕ್ಕೂಟ 1530ರಲ್ಲಿ ಬಿಡುಗಡೆ ಮಾಡುವಾಗ ಹಾಕಿದ ಷರತ್ತು ವಿಚಿತ್ರವಾಗಿತ್ತು: ತನ್ನ ಕೋಟೆಯ ಸರಹದ್ದು ದಾಟಕೂಡದು, ಕುದುರೆ ಏರಕೂಡದು, ಒಂದು ರಾತ್ರಿಯನ್ನೂ ಹೊರಗೆ ಕಳೆಯಕೂಡದು. ಒಂದು ದಶಕ ಅವನು ಅದನ್ನು ಪಾಲಿಸಿದ. ಕುದುರೆಯಿಲ್ಲದ ನೈಟ್‌ಗೆ ಉಳಿದದ್ದು ಹೊಲ, ದ್ರಾಕ್ಷಿತೋಟ, ಗೇಣಿ ಮತ್ತು ಕೋರ್ಟು ವ್ಯಾಜ್ಯ.

ಹತ್ತೊಂಬತ್ತನೆಯ ಶತಮಾನ ಈ ಕುಲೀನರನ್ನು ರೈತಯುದ್ಧದ ಕನ್ನಡಿಯಲ್ಲಿ ನೋಡಿತು. ವಿಲ್ಹೆಲ್ಮ್ ಝಿಮ್ಮರ್‌ಮನ್ 1840ರ ದಶಕದ ಆರಂಭದಲ್ಲಿ ಬರೆದ ರೈತಯುದ್ಧದ ಇತಿಹಾಸವನ್ನು ಆಧರಿಸಿ ಫ್ರೆಡರಿಕ್ ಎಂಗೆಲ್ಸ್ 1850ರಲ್ಲಿ ತನ್ನ ಪುಸ್ತಕ ಬರೆದ. ಎಂಗೆಲ್ಸ್‌ನ ಪ್ರಕಾರ ಸಣ್ಣ ನೈಟ್‌ಗಳು ಇತಿಹಾಸದ ಗಾಣಕ್ಕೆ ಸಿಕ್ಕಿ ಅಳಿಯುತ್ತಿದ್ದ ವರ್ಗ. ಫ್ರಾಂಟ್ಸ್ ಫಾನ್ ಸಿಕಿಂಗೆನ್ 1522ರಲ್ಲಿ ಟ್ರಿಯರ್ ಆರ್ಚ್‌ಬಿಷಪನ ಮೇಲೆ ದಂಡೆತ್ತಿ ಹೋಗಿ, 1523ರ ಮೇ ತಿಂಗಳಲ್ಲಿ ತನ್ನ ಲಾಂಡ್‌ಸ್ಟುಲ್ ಕೋಟೆಯ ಮುತ್ತಿಗೆಯಲ್ಲಿ ಗಾಯಗೊಂಡು ಸತ್ತದ್ದು, ಅದೇ ಬೇಸಿಗೆಯಲ್ಲಿ ಸ್ವಾಬಿಯಾ ಒಕ್ಕೂಟ ಫ್ರಾಂಕೋನಿಯಾದ 23 ಕೋಟೆಗಳನ್ನು ಸುಟ್ಟದ್ದು ಈ ಕಥನಕ್ಕೆ ಹೊಂದಿಕೊಂಡವು. ಗೋಟ್ಸ್ ಮಾತ್ರ ಹೊಂದಿಕೊಳ್ಳಲಿಲ್ಲ. 1525ರಲ್ಲಿ ಓಡನ್‌ವಾಲ್ಡ್ ರೈತಪಡೆಗೆ ಅವನು ನಾಯಕನಾದ. ಬಲವಂತಕ್ಕೆ ಎಂದು ಜೀವನವಿಡೀ ಹೇಳಿಕೊಂಡ. ಅವನು ನಾಯಕನಾಗಿದ್ದಾಗಲೇ ಹೊರಟ ಅಮೊರ್‌ಬಾಖ್ ಘೋಷಣೆ ರೈತರ ಹನ್ನೆರಡು ಬೇಡಿಕೆಗಳನ್ನು ಸಾಕಷ್ಟು ಸಡಿಲಿಸಿತು. ಕ್ಯೋನಿಗ್ಸ್‌ಹೋಫೆನ್‌ನಲ್ಲಿ ರೈತರು ಕಡಿದು ಬೀಳುವ ಮೊದಲೇ ಅವನು ಪಡೆ ಬಿಟ್ಟು ಮನೆ ಸೇರಿದ್ದ. ತನ್ನ ನಡತೆಗೆ ಸಮಜಾಯಿಷಿ ಕೊಡುವುದೇ ಆತ್ಮಕಥೆಯ ಒಂದು ಮುಖ್ಯ ಉದ್ದೇಶ ಎಂಬುದನ್ನು ಮರೆತು ಅದನ್ನು ಸಾಕ್ಷ್ಯವೆಂದು ಓದಿದವರು ಅನೇಕರು.

ಅಳಿಯುತ್ತಿದ್ದ ವರ್ಗ ಎಂಬ ಮಾತಿಗೆ ಬಲ ಬಂದದ್ದು ಇನ್ನೊಂದು ಕಡೆಯಿಂದ. ನೈಟ್ ಮನೆತನದ ಬರಹಗಾರ ಉಲ್ರಿಖ್ ಫಾನ್ ಹುಟೆನ್ 1518ರ ಅಕ್ಟೋಬರಿನಲ್ಲಿ ನ್ಯೂರೆಂಬರ್ಗ್‌ನ ವಿದ್ವಾಂಸ ಪಿರ್ಕ್‌ಹೈಮರ್‌ಗೆ ಬರೆದ ಲ್ಯಾಟಿನ್ ಪತ್ರ ಈ ವಿಷಯದಲ್ಲಿ ಬಹುಶಃ ಅತಿ ಹೆಚ್ಚು ಬಾರಿ ಉಲ್ಲೇಖವಾಗುವ ಬರಹ. ಕೋಟೆ ಎಂದರೆ ಸುಖವಾಗಿರಲು ಕಟ್ಟಿದ್ದಲ್ಲ, ಕಾದಾಡಲು ಕಟ್ಟಿದ್ದು. ಒಳಗೆ ಇಕ್ಕಟ್ಟು, ಮದ್ದಿನ ವಾಸನೆ, ನಾಯಿ ಮತ್ತು ದನಗಳ ಗಲೀಜು. ಹೊರಗೆ ಕಾಡಿನ ತೋಳ. ನಂಬಲಾಗದ ಸವಾರರ ಓಡಾಟ. ಬೆಳೆ ಕೆಟ್ಟರೆ ವರ್ಷವಿಡೀ ಪರದಾಟ — ಹುಟೆನ್ ಕೊಡುವ ಚಿತ್ರ ಹೀಗಿದೆ. ಅವನು ಇದನ್ನು ಬರೆದದ್ದು ಔಗ್ಸ್‌ಬರ್ಗ್ ನಗರದಲ್ಲಿ ಕುಳಿತು. ಅರಮನೆಯ ಚಾಕರಿ ಬಿಟ್ಟು ಓದಿಗೆ ಮರಳು ಎಂದ ಗೆಳೆಯನಿಗೆ, ಮನೆಯಲ್ಲಿ ಓದಲು ನೆಮ್ಮದಿ ಎಲ್ಲಿದೆ ಎಂದು ಒಪ್ಪಿಸುವ ವಕೀಲಿ ಪತ್ರವದು. ವಿವರಗಳು ಸುಳ್ಳಲ್ಲ, ಆದರೆ ಬಣ್ಣ ಸ್ವಲ್ಪ ಗಾಢ. 1935ರಲ್ಲಿ ವಿಲ್ಹೆಲ್ಮ್ ಆಬೆಲ್ ಧಾನ್ಯಬೆಲೆಗಳ ಏರಿಳಿತವನ್ನು ಶತಮಾನಗಳ ಉದ್ದಕ್ಕೂ ಅಳೆದು, ಪ್ಲೇಗಿನ ನಂತರ ಜನ ಕಡಿಮೆಯಾಗಿ ಧಾನ್ಯದ ಬೆಲೆ ಬಿದ್ದು ಭೂಮಾಲೀಕರ ಆದಾಯ ಕುಗ್ಗಿತು ಎಂದು ತೋರಿಸಿದ. ಹುಟೆನ್‌ನ ಗೋಳು, ಆಬೆಲ್‌ನ ಅಂಕಿ ಎರಡೂ ಕೂಡಿ ಒಂದು ಸುಲಭ ತೀರ್ಮಾನ ಹುಟ್ಟಿತು: ಬಡವನಾದ ನೈಟ್ ಹೊಟ್ಟೆಪಾಡಿಗೆ ದರೋಡೆಗಿಳಿದ.

ಇದಕ್ಕೆ ಮೊದಲ ದೊಡ್ಡ ಪೆಟ್ಟು ಕೊಟ್ಟದ್ದು ಆಸ್ಟ್ರಿಯಾದ ಒಟ್ಟೊ ಬ್ರುನರ್. 1939ರಲ್ಲಿ ಬಂದ ಅವನ ಗ್ರಂಥ, ಹಗೆ ಎಂಬುದು ದರೋಡೆಯಲ್ಲ, ಅಂದಿನ ಕಾನೂನಿನೊಳಗಿನ ನ್ಯಾಯಮಾರ್ಗ ಎಂದಿತು. ಕಾರಣ ಇರಬೇಕು, ಹಗೆಪತ್ರವನ್ನು ಮೊದಲೇ ಕಳಿಸಬೇಕು, ಆಮೇಲೆ ಎದುರಾಳಿಯ ಊರು ಸುಡಬಹುದು, ದನ ಹೊಡೆದುಕೊಂಡು ಬರಬಹುದು. ವರ್ಮ್ಸ್‌ನಲ್ಲಿ 1495ರಲ್ಲಿ ಸಾಮ್ರಾಜ್ಯವು ಹಗೆಯನ್ನು ಶಾಶ್ವತವಾಗಿ ನಿಷೇಧಿಸಿದ ಮೇಲೂ ಅದು ದಶಕಗಳ ಕಾಲ ನಡೆದದ್ದು ಏಕೆ ಎಂಬುದಕ್ಕೆ ಬ್ರುನರ್ ಕೊಟ್ಟ ಉತ್ತರ ಇವತ್ತಿಗೂ ಅರ್ಧ ಸರಿ. ಆದರೆ ಅವನು ನಾಜಿ ಪಕ್ಷದತ್ತ ವಾಲಿದ ವಿದ್ವಾಂಸ. ಮೊದಲ ಆವೃತ್ತಿಯ ಭಾಷೆಗೆ ಆ ಕಾಲದ ವಾಸನೆ ಇತ್ತು, ಯುದ್ಧದ ನಂತರದ ಆವೃತ್ತಿಗಳಲ್ಲಿ ಅದನ್ನು ತೊಳೆಯಲಾಯಿತು. ಒಡೆಯ ರಕ್ಷಣೆ ಕೊಡುತ್ತಾನೆ, ಒಕ್ಕಲು ನಿಷ್ಠೆ ಕೊಡುತ್ತಾನೆ ಎಂಬ ಅವನ ಸಿದ್ಧಾಂತದಲ್ಲಿ ಒಡೆಯನ ದನಿ ಮಾತ್ರ ಕೇಳುತ್ತದೆ. ಅದೇ ಬ್ರುನರ್ 1949ರಲ್ಲಿ ವೋಲ್ಫ್ ಹೆಲ್ಮ್‌ಹಾರ್ಡ್ ಫಾನ್ ಹೋಬರ್ಗ್ ಎಂಬ ಹದಿನೇಳನೆಯ ಶತಮಾನದ ಆಸ್ಟ್ರಿಯನ್ ಕುಲೀನನ ಬಗ್ಗೆ ಬರೆದದ್ದು ನನ್ನ ದೃಷ್ಟಿಯಲ್ಲಿ ಅವನ ಹೆಚ್ಚು ಬಾಳುವ ಕೆಲಸ. ದ್ರಾಕ್ಷಿ, ಜೇನು, ಲಾಯ, ಅಡುಗೆಮನೆ, ಆಳುಗಳ ಮೇಲ್ವಿಚಾರಣೆ ಇವೆಲ್ಲ ಕುಲೀನನ ವಿದ್ಯೆಯ ಭಾಗ ಎಂದು ಆ ಪುಸ್ತಕ ಕಲಿಸಿತು.

1990ರ ದಶಕದಲ್ಲಿ ಇಬ್ಬರು ಇಸ್ರೇಲಿ ಇತಿಹಾಸಕಾರರು ಚರ್ಚೆಯ ದಿಕ್ಕನ್ನೇ ಬದಲಿಸಿದರು. ಗಾಡಿ ಅಲ್ಗಾಝಿ 1996ರಲ್ಲಿ ಬ್ರುನರ್‌ನ ಬುಡಕ್ಕೇ ಕೈ ಹಾಕಿದ. ಹಗೆಯಲ್ಲಿ ಹೊಡೆತ ತಿನ್ನುವವರು ಎದುರಾಳಿ ನೈಟ್‌ಗಳಲ್ಲ, ಅವರ ಒಕ್ಕಲು. ಇಬ್ಬರು ಒಡೆಯರೂ ಪರಸ್ಪರರ ರೈತರ ಊರುಗಳನ್ನು ಸುಡುತ್ತಿದ್ದಾಗ ಎರಡೂ ಕಡೆಯ ರೈತರಿಗೆ ಒಡೆಯನ ರಕ್ಷಣೆ ಅನಿವಾರ್ಯವಾಗುತ್ತದೆ; ಅಂದರೆ ಅಪಾಯವನ್ನು ಹುಟ್ಟಿಸುವವರೇ ರಕ್ಷಣೆಯನ್ನು ಮಾರುತ್ತಿದ್ದರು. ಹಿಲ್ಲಾಯ್ ಝ್ಮೋರಾ 1997ರ ಪುಸ್ತಕದಲ್ಲಿ 1440ರಿಂದ 1567ರವರೆಗಿನ ಫ್ರಾಂಕೋನಿಯಾದ ಹಗೆಗಳನ್ನು ಒಂದೊಂದಾಗಿ ಕೂಡಿಹಾಕಿ, ಹಗೆ ಸಾಧಿಸಿದವರು ಯಾರು ಎಂದು ಕೇಳಿದ. ಉತ್ತರ ಅನಿರೀಕ್ಷಿತ. ಅವರಲ್ಲಿ ಎದ್ದು ಕಾಣುವವರು ಬಡ ನೈಟ್‌ಗಳಲ್ಲ. ರಾಜರಿಗೆ ಸಾಲ ಕೊಡುತ್ತಿದ್ದ, ಆ ಸಾಲಕ್ಕೆ ಅಡವಾಗಿ ಜಿಲ್ಲಾಧಿಕಾರವನ್ನು ಪಡೆಯುತ್ತಿದ್ದ, ನೆಂಟಸ್ತಿಕೆ ಗಟ್ಟಿಯಿದ್ದ ಸಿರಿವಂತರು. ಪೈಪೋಟಿ ಇದ್ದದ್ದು ಜಮೀನಿಗೆ, ಹುದ್ದೆಗೆ, ಗೌರವಕ್ಕೆ. ಗಣಿಗಳಿಂದ ಹಣ ಗಳಿಸುತ್ತಿದ್ದ, ನಗರಗಳನ್ನೇ ಹೆದರಿಸಿ ವಸೂಲು ಮಾಡುತ್ತಿದ್ದ ಸಿಕಿಂಗೆನ್ ಈ ಚಿತ್ರಕ್ಕೆ ಸಲೀಸಾಗಿ ಕೂರುತ್ತಾನೆ. 6,500 ಗುಲ್ಡನ್ ಎಣಿಸಿಕೊಟ್ಟು ಕೋಟೆ ಕೊಂಡ ಗೋಟ್ಸ್ ಕೂಡ. ಹೆಲ್‌ಗಾರ್ಡ್ ಉಲ್ಮ್‌ಶ್ನೈಡರ್ 1974ರಲ್ಲಿ ಬರೆದ ಜೀವನಚರಿತ್ರೆ, 1981ರಲ್ಲಿ ಸಂಪಾದಿಸಿದ ಆತ್ಮಕಥೆಯ ಹಸ್ತಪ್ರತಿ ಇಲ್ಲದಿದ್ದರೆ ಇಂಥ ಲೆಕ್ಕಾಚಾರಕ್ಕೆ ಗೋಟ್ಸ್ ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ಝ್ಮೋರಾನ ಕೊನೆಯ ವರ್ಷ 1567 ಸುಮ್ಮನೆ ಆರಿಸಿದ್ದಲ್ಲ: ಆ ಏಪ್ರಿಲಿನಲ್ಲಿ ವಿಲ್ಹೆಲ್ಮ್ ಫಾನ್ ಗ್ರುಂಬಾಖ್‌ನನ್ನು ಗೋಥಾ ಪಟ್ಟಣದ ಚೌಕದಲ್ಲಿ ಸೀಳಿ ಕೊಲ್ಲಲಾಯಿತು, ಅಲ್ಲಿಗೆ ನೈಟ್‌ಗಳ ಹಗೆಯ ಕಾಲ ಮುಗಿಯಿತು.

ಇಷ್ಟೆಲ್ಲ ದಕ್ಷಿಣ ಮತ್ತು ಪಶ್ಚಿಮದ ಮಾತು. ಉತ್ತರದಲ್ಲಿ ಅದೇ ಕಾಲದ ಕುಲೀನ ಬೇರೆಯೇ ಥರ. ಹೋಲ್‌ಸ್ಟೈನ್‌ನ ಹೈನ್‌ರಿಖ್ ರಾಂಟ್ಸಾವ್ (1526–1598) ಹನ್ನೆರಡರ ವಯಸ್ಸಿಗೆ ವಿಟೆನ್‌ಬರ್ಗ್‌ಗೆ ಓದಲು ಹೋದವನು, ಆಮೇಲೆ ಡೆನ್ಮಾರ್ಕ್ ದೊರೆಯ ಪ್ರತಿನಿಧಿಯಾದವನು. ಬ್ರೈಟೆನ್‌ಬರ್ಗ್ ಕೋಟೆಯಲ್ಲಿ ಸುಮಾರು 6,000 ಪುಸ್ತಕ ಕೂಡಿಸಿದ, ಗಿರಣಿಗಳನ್ನು ಕಟ್ಟಿಸಿದ, ಬಡ್ಡಿಗೆ ಹಣ ಬಿಟ್ಟ, ಜ್ಯೋತಿಷ್ಯದ ಬಗ್ಗೆ ಬರೆದ, ದೇಶ ಬಿಟ್ಟು ಬಂದ ಖಗೋಳಜ್ಞ ಟೈಕೋ ಬ್ರಾಹೆಗೆ 1597ರಲ್ಲಿ ತನ್ನ ವಾಂಡ್ಸ್‌ಬೆಕ್ ಮನೆ ಬಿಟ್ಟುಕೊಟ್ಟ. 1627ರಲ್ಲಿ ವಾಲನ್‌ಸ್ಟೈನ್‌ನ ಪಡೆ ಕೋಟೆ ಹಿಡಿದಾಗ ಆ ಗ್ರಂಥಾಲಯ ಚದುರಿಹೋಯಿತು. ಹುಟೆನ್ ಹೇಳಿದ ಇಕ್ಕಟ್ಟು, ಗಲೀಜು ಇಲ್ಲೆಲ್ಲೂ ಇಲ್ಲ.

ಆದರೆ ಈ ಪುಸ್ತಕಗಳಿಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಎಲ್ಬ ನದಿಯ ಆಚೆಗೆ ಕರೆದೊಯ್ಯುತ್ತದೆ. 1887ರಲ್ಲಿ ಗೆಯೋರ್ಗ್ ಫ್ರೆಡ್ರಿಖ್ ಕ್ನಾಪ್ ಎಳೆದ ಗೆರೆ ಬಹುಕಾಲ ಅಳಿಸಲಾಗದ್ದಾಗಿತ್ತು: ಪಶ್ಚಿಮದ ಒಡೆಯ ಗೇಣಿ ತಿಂದು ಬದುಕುವವನು, ಪೂರ್ವದ ಒಡೆಯ ತಾನೇ ದೊಡ್ಡ ಬೇಸಾಯ ಮಾಡಿಸಿ ರೈತರ ಬಿಟ್ಟಿ ದುಡಿಮೆಯಿಂದ ರೈ ಬೆಳೆದು ಹಡಗಿಗೆ ತುಂಬುವವನು. ಹದಿನಾರನೆಯ ಶತಮಾನದಲ್ಲಿ ಧಾನ್ಯದ ಬೆಲೆ ಏರುತ್ತ ಹೋದಂತೆ ಬಿಟ್ಟಿಯ ದಿನಗಳೂ ಏರಿದವು. 1990ರ ದಶಕದಲ್ಲಿ ಪೋಟ್ಸ್‌ಡಾಮ್‌ನಲ್ಲಿ ಯಾನ್ ಪೇಟರ್ಸ್ ನೇತೃತ್ವದ ಸಂಶೋಧಕರು ಹಳ್ಳಿಯ ನ್ಯಾಯಾಲಯದ ಕಡತ, ಎಸ್ಟೇಟಿನ ಲೆಕ್ಕಪುಸ್ತಕಗಳನ್ನು ಬಿಚ್ಚಿ ಈ ಗೆರೆಯನ್ನು ಮಸುಕಾಗಿಸಿದರು. ವಿಲಿಯಂ ಹ್ಯಾಗನ್ 2002ರಲ್ಲಿ ಬ್ರಾಂಡನ್‌ಬರ್ಗ್‌ನ ಸ್ಟಾವೆನೋ ಎಸ್ಟೇಟಿನ ಮೂರು ಶತಮಾನಗಳ ಕಥೆ ಬರೆದಾಗ ಅಲ್ಲಿ ಕಂಡದ್ದು ತಲೆಬಾಗಿದ ಜೀತದಾಳುಗಳಲ್ಲ. ದೂರು ಕೊಡುವ, ಚೌಕಾಸಿ ಮಾಡುವ, ಬಿಟ್ಟಿಯ ದಿನ ಬೇಕೆಂದೇ ನಿಧಾನವಾಗಿ ದುಡಿಯುವ ಹಳ್ಳಿಗರು. ನಾಲ್ಕು ನೂರು ವರ್ಷದ ಸಾಹಿತ್ಯದಲ್ಲಿ ಹಿನ್ನೆಲೆಗೆ ಸರಿದಿದ್ದವರು ಇಲ್ಲಿ ಹೆಸರು ಹಿಡಿದು ಮಾತಾಡುತ್ತಾರೆ.

ಝ್ಮೋರಾ, ಅಲ್ಗಾಝಿ, ಹ್ಯಾಗನ್ ಈ ಮೂವರಲ್ಲಿ ಯಾರು ಗೆದ್ದರು ಎಂದರೆ, ಕುಲೀನರ ಬಗ್ಗೆ ಝ್ಮೋರಾನ ವಾದ ಗಟ್ಟಿ. ರೈತರ ಬಗ್ಗೆ ಅಲ್ಗಾಝಿಯ ಪ್ರಶ್ನೆ ಅಗತ್ಯ, ಆದರೆ ಅವನ ರೈತ ಹೊಡೆತ ತಿನ್ನಲೆಂದೇ ಹುಟ್ಟಿದವನಂತೆ ಕಾಣುತ್ತಾನೆ. ಆ ಕೊರತೆಯನ್ನು ತುಂಬುವವನು ಹ್ಯಾಗನ್. ಈ ವಿಷಯ ಓದಲು ಹೊರಡುವವರಿಗೆ ನನ್ನದೊಂದು ಸಲಹೆ: ಗಯಟೆಯ ನಾಟಕವನ್ನು ಕೊನೆಗಿಟ್ಟುಕೊಳ್ಳಿ. ಮೊದಲು ಹುಟೆನ್‌ನ ಪತ್ರ, ಆಮೇಲೆ ಗೋಟ್ಸ್‌ನ ಆತ್ಮಕಥೆ, ಅದರ ಬೆನ್ನಿಗೇ ಝ್ಮೋರಾ, ಬಳಿಕ ಹ್ಯಾಗನ್. ಗೋಟ್ಸ್ ಒಂದೊಂದು ಹಗೆಯ ಕಥೆ ಹೇಳುವಾಗಲೂ ಯಾರ ದನ ಹೋಯಿತು, ಯಾರ ಊರು ಸುಟ್ಟಿತು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ; ಅವನು ಹೇಳದೆ ಬಿಟ್ಟ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.