ಬೋರ್ಮಿಯೊ 1987: ಇಲ್ಲವಾದ ದೇಶವೊಂದರ ಕಿರಿಯರ ತಂಡ ಮತ್ತು ಐತಿಹ್ಯದ ನಿರ್ಮಾಣ

ಐತಿಹ್ಯವು ಗತಕಾಲಕ್ಕೆ, ಅದರಲ್ಲೂ ಅಕ್ಷರ ಬಾರದ ಸಮುದಾಯಗಳಿಗೆ ಮಾತ್ರ ಸೇರಿದ ಪ್ರಕಾರವೆಂಬ ಗ್ರಹಿಕೆ ಜಾನಪದ ಅಧ್ಯಯನದ ಆರಂಭದ ಘಟ್ಟದಲ್ಲಿ ಪ್ರಬಲವಾಗಿತ್ತು. ಈ ಗ್ರಹಿಕೆ ಈಗ ಸಡಿಲಗೊಂಡಿದೆ. ದಾಖಲೆ, ಛಾಯಾಚಿತ್ರ, ಅಂಕಪಟ್ಟಿಗಳೆಲ್ಲ ಇದ್ದೂ ಒಂದು ಘಟನೆ ಐತಿಹ್ಯವಾಗಿ ಬೆಳೆಯಬಲ್ಲದು. ಘಟನೆ ನಡೆದ ಕಾಲದಲ್ಲಿ ಅದಕ್ಕಿದ್ದ ಅರ್ಥ ಒಂದಾಗಿದ್ದು, ಅನಂತರದ ಬದುಕು ಅದರಿಂದ ಬಯಸುವ ಅರ್ಥ ಬೇರೆಯಾದಾಗ ಈ ಬೆಳವಣಿಗೆ ಆರಂಭವಾಗುತ್ತದೆ. 1987ರಲ್ಲಿ ಇಟಲಿಯ ಬೋರ್ಮಿಯೊ ಎಂಬ ಊರಿನಲ್ಲಿ ನಡೆದ ಕಿರಿಯರ ವಿಶ್ವ ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಇದಕ್ಕೆ ಸ್ಪಷ್ಟ ನಿದರ್ಶನವಾಗಿದೆ.

ಆ ಪಂದ್ಯಾವಳಿಯನ್ನು ಗೆದ್ದ ದೇಶ ಯುಗೊಸ್ಲಾವಿಯಾ. ಜಾನಪದ ವಿದ್ವಾಂಸರಿಗೆ ಈ ಹೆಸರು ಹೊಸದಲ್ಲ. 1933ರಿಂದ 1935ರವರೆಗೆ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಗುಸ್ಲೆ ಎಂಬ ತಂತಿವಾದ್ಯ ನುಡಿಸುತ್ತ ಹಾಡುವ ಗಾಯಕರಿಂದ ಮೌಖಿಕ ಮಹಾಕಾವ್ಯಗಳನ್ನು ಸಂಗ್ರಹಿಸಿದ್ದು ಅದೇ ನಾಡಿನಲ್ಲಿ. ಲಾರ್ಡ್ ಅವರು 1960ರಲ್ಲಿ ಪ್ರಕಟಿಸಿದ ಗ್ರಂಥದ ಮುಖ್ಯ ಪ್ರತಿಪಾದನೆ ಕನ್ನಡದ ಮಹಾಕಾವ್ಯ ಅಧ್ಯಯನಕ್ಕೂ ಪರಿಚಿತವಾದುದು: ಗಾಯಕ ಪ್ರತಿ ಬಾರಿ ಹಾಡುವಾಗಲೂ ಕಾವ್ಯವನ್ನು ಹೊಸದಾಗಿ ಕಟ್ಟುತ್ತಾನೆ. ಪ್ಯಾರಿ ಕಂಡ ಗಾಯಕರಲ್ಲಿ ಶ್ರೇಷ್ಠನೆನಿಸಿದ ಅವ್ದೊ ಮೆಜೆದೊವಿಚ್ ಲಿಮ್ ನದಿಯ ಕಣಿವೆಯ ಬಿಯೆಲೊ ಪೋಲ್ಯೆ ಪಟ್ಟಣದವನು. ಅದೇ ಕಣಿವೆಯಲ್ಲಿ, ನದಿಯ ಹರಿವಿನ ಕೆಳಭಾಗದಲ್ಲಿ, ಪ್ರಿಯೆಪೋಲ್ಯೆ ಎಂಬ ಇನ್ನೊಂದು ಪಟ್ಟಣವಿದೆ. ಬೋರ್ಮಿಯೊದಲ್ಲಿ ಆಡಿದ ವ್ಲಾಡೆ ದಿವಾತ್ಸ್ 1968ರಲ್ಲಿ ಹುಟ್ಟಿದ್ದು ಅಲ್ಲಿ. ಒಂದೇ ಕಣಿವೆ ಎರಡು ಬಗೆಯ ವೀರಕಥನಗಳಿಗೆ ಪಾತ್ರಗಳನ್ನು ಒದಗಿಸಿತೆಂಬುದು ಕಾಕತಾಳೀಯ. ಆದರೆ ಲಾರ್ಡ್ ಗುರುತಿಸಿದ ಮರುಕಟ್ಟುವಿಕೆಯ ಪ್ರಕ್ರಿಯೆ ಎರಡನೆಯ ಕಥನದಲ್ಲಿಯೂ ನಡೆದಿದೆಯೇ ಎಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಂದ್ಯಾವಳಿ ಮತ್ತು ಅದರ ಸ್ಥಳ

ಹತ್ತೊಂಬತ್ತರ ಆಸುಪಾಸಿನ ಆಟಗಾರರಿಗಾಗಿ ರಾಷ್ಟ್ರೀಯ ತಂಡಗಳ ವಿಶ್ವ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 1979ರಲ್ಲಿ, ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ. ಎರಡನೆಯದು 1983ರಲ್ಲಿ ಸ್ಪೇನ್‌ನ ಪಾಲ್ಮಾದಲ್ಲಿ ನಡೆಯಿತು. ಎರಡರಲ್ಲೂ ಅಮೆರಿಕ ಗೆದ್ದಿತ್ತು. ಮೂರನೆಯ ಪಂದ್ಯಾವಳಿಗೆ ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತದ ಬೋರ್ಮಿಯೊವನ್ನು ಆರಿಸಲಾಯಿತು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ, ವಾಲ್ತೆಲ್ಲಿನಾ ಕಣಿವೆಯ ಮೇಲ್ತುದಿಯಲ್ಲಿರುವ ಈ ಊರು ಹಿಮಜಾರು ಕ್ರೀಡೆಗೆ ಹೆಸರಾದುದು.

ಬೋರ್ಮಿಯೊ ಕಥನದಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳದ ಸಂಗತಿಯೊಂದನ್ನು ಇಲ್ಲಿಯೇ ದಾಖಲಿಸಬೇಕಾಗುತ್ತದೆ. 1987ರ ಜುಲೈನಲ್ಲಿ ಆ ಕಣಿವೆ ಭೀಕರ ನೆರೆಗೆ ತುತ್ತಾಯಿತು. ಜುಲೈ 28ರಂದು ಊರಿನ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ವಾಲ್ ಪೋಲಾದಲ್ಲಿ ಬೆಟ್ಟದ ಒಂದು ಪಾರ್ಶ್ವವೇ ಕುಸಿದು ಹಳ್ಳಿಗಳನ್ನು ಹೂತುಹಾಕಿತು. ಅದ್ದಾ ನದಿಯ ಹರಿವಿಗೆ ಅಡ್ಡಗಟ್ಟಿ ಸರೋವರವೊಂದನ್ನು ಸೃಷ್ಟಿಸಿತು. ಹಲವರು ಪ್ರಾಣ ಕಳೆದುಕೊಂಡರು. ಪಂದ್ಯಾವಳಿ ನಡೆದದ್ದು ಅದೇ ಜುಲೈ ಕೊನೆಯ ದಿನಗಳಿಂದ ಆಗಸ್ಟ್ ಮೊದಲ ವಾರದವರೆಗೆ. ಕಣಿವೆಯ ಜನರ ನೆನಪಿನಲ್ಲಿ ಆ ಬೇಸಿಗೆಯೆಂದರೆ ಭೂಕುಸಿತ. ಬಾಸ್ಕೆಟ್‌ಬಾಲ್ ಲೋಕದ ನೆನಪಿನಲ್ಲಿ ಬೋರ್ಮಿಯೊ ಎಂದರೆ ಯುಗೊಸ್ಲಾವಿಯಾದ ಹುಡುಗರು. ಎರಡು ಸಮುದಾಯಗಳು ಒಂದೇ ಊರಿನ, ಒಂದೇ ವಾರದ ಎರಡು ಪ್ರತ್ಯೇಕ ಕಥನಗಳನ್ನು ಕಾಪಾಡಿಕೊಂಡಿವೆ. ಐತಿಹ್ಯ ತನಗೆ ಬೇಕಾದುದನ್ನು ಉಳಿಸಿಕೊಳ್ಳುವಾಗ ಏನನ್ನು ಬಿಟ್ಟುಬಿಡುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷ್ಯ.

ಎರಡು ಪಂದ್ಯಗಳು

ಯುಗೊಸ್ಲಾವಿಯಾ ಮತ್ತು ಅಮೆರಿಕ ಅಲ್ಲಿ ಎರಡು ಬಾರಿ ಮುಖಾಮುಖಿಯಾದವು. ಗುಂಪು ಹಂತದಲ್ಲಿ ಯುಗೊಸ್ಲಾವಿಯಾ 110–95 ಅಂಕಗಳಿಂದ ಗೆದ್ದಿತು. ಸ್ಪ್ಲಿಟ್ ನಗರದ ಟೋನಿ ಕುಕೋಚ್ ಆ ಪಂದ್ಯದಲ್ಲಿ 37 ಅಂಕ ಗಳಿಸಿದರು. ಮೂರು ಅಂಕದ ಗೆರೆಯಾಚೆಯಿಂದ ಎಸೆದ 12 ಎಸೆತಗಳಲ್ಲಿ 11 ಬುಟ್ಟಿ ಸೇರಿದವು. ಫೈನಲ್‌ನಲ್ಲಿ ಯುಗೊಸ್ಲಾವಿಯಾ 86–76ರಿಂದ ಜಯಗಳಿಸಿತು. ಕುಕೋಚ್ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆನಿಸಿದರು.

ತಂಡದ ರಚನೆಯನ್ನು ಗಮನಿಸಬೇಕು. ಕುಕೋಚ್ ಮತ್ತು ಡಿನೊ ರಾಡ್ಜಾ ಕ್ರೊಯೇಷಿಯಾದ ಸ್ಪ್ಲಿಟ್‌ನವರು. ದಿವಾತ್ಸ್ ಮತ್ತು ಅಲೆಕ್ಸಾಂಡರ್ ಜೋರ್ಜೆವಿಚ್ ಸರ್ಬಿಯಾದವರು. ಲೂಕಾ ಪಾವಿಚೆವಿಚ್ ಮಾಂಟೆನೆಗ್ರೊದ ಟಿಟೊಗ್ರಾಡ್‌ನವರು. ತಿಯೋಮನ್ ಅಲಿಬೆಗೊವಿಚ್ ಮತ್ತು ಸಮೀರ್ ಅವ್ದಿಚ್ ಬೋಸ್ನಿಯಾ ಮೂಲದವರು. ತರಬೇತುದಾರ ಸ್ವೆತಿಸ್ಲಾವ್ ಪೆಶಿಚ್ ಹುಟ್ಟಿದ್ದು ನೋವಿ ಸಾಡ್‌ನಲ್ಲಿ. ಆಟಗಾರರಾಗಿಯೂ ತರಬೇತುದಾರರಾಗಿಯೂ ಹೆಸರು ಮಾಡಿದ್ದು ಸರಾಯೆವೊದ ಬೋಸ್ನಾ ಕ್ಲಬ್‌ನಲ್ಲಿ. 1987ರಲ್ಲಿ ಇಂತಹ ಮಿಶ್ರಣ ಯಾವ ವಿಶೇಷ ಗಮನವನ್ನೂ ಬೇಡದ, ರೂಢಿಯ ಸಂಗತಿಯಾಗಿತ್ತು. ಅದು ವಿಶೇಷವಾಗಿ ಕಂಡದ್ದು ಅಂತಹ ತಂಡ ಮತ್ತೆಂದೂ ಸಾಧ್ಯವಿಲ್ಲವೆಂದು ತಿಳಿದ ಮೇಲೆ.

ಜಯದ ಕಾರಣಗಳು

ಕಥನ ಈ ಜಯವನ್ನು ಪವಾಡವೆಂಬಂತೆ ಚಿತ್ರಿಸುತ್ತದೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಈ ಪೀಳಿಗೆ ಹಠಾತ್ತನೆ ಮೂಡಿಬಂದುದಲ್ಲ. 1985ರಲ್ಲಿ ಬಲ್ಗೇರಿಯಾದಲ್ಲಿ ನಡೆದ ಯುರೋಪಿನ ಬಾಲಕರ ಚಾಂಪಿಯನ್‌ಷಿಪ್ಪನ್ನೂ 1986ರಲ್ಲಿ ಆಸ್ಟ್ರಿಯಾದಲ್ಲಿ ನಡೆದ ಕಿರಿಯರ ಚಾಂಪಿಯನ್‌ಷಿಪ್ಪನ್ನೂ ಯುಗೊಸ್ಲಾವಿಯಾ ಗೆದ್ದಿತ್ತು. ಒಂದೇ ಪೀಳಿಗೆಯನ್ನು ವರ್ಷದಿಂದ ವರ್ಷಕ್ಕೆ ಒಟ್ಟಿಗೆ ಬೆಳೆಸಿದ ಫಲ ಅಲ್ಲಿ ಕಾಣುತ್ತದೆ. ಅಮೆರಿಕದ ತಂಡವಾದರೋ ಬೇರೆ ಬೇರೆ ಕಾಲೇಜುಗಳ ಆಟಗಾರರನ್ನು ಆ ಬೇಸಿಗೆಗಾಗಿ ಕೂಡಿಸಿದ್ದು.

ಎರಡನೆಯದಾಗಿ, ಯುಗೊಸ್ಲಾವಿಯಾದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ರೂಪುಗೊಂಡ ತರಬೇತಿ ಪರಂಪರೆಯಿತ್ತು. ಅಲೆಕ್ಸಾಂಡರ್ ನಿಕೋಲಿಚ್ ಅವರಂತಹ ಗುರುಗಳಿಂದ ಆ ಪರಂಪರೆ ಶಿಷ್ಯರಿಗೆ ಹರಿದುಬಂದಿತ್ತು. 1970ರ ವಿಶ್ವ ಚಾಂಪಿಯನ್‌ಷಿಪ್, 1980ರ ಮಾಸ್ಕೊ ಒಲಿಂಪಿಕ್ಸ್‌ನ ಚಿನ್ನ ಅದರ ಫಲಗಳು.

ಮೂರನೆಯದು ನಿಯಮಕ್ಕೆ ಸಂಬಂಧಿಸಿದ್ದು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ 1984ರಲ್ಲಿ 6.25 ಮೀಟರ್ ದೂರದ ಮೂರು ಅಂಕದ ಗೆರೆಯನ್ನು ಜಾರಿಗೆ ತಂದಿತು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಆ ಗೆರೆಯನ್ನು, ಅದೂ ಕಡಿಮೆ ದೂರದಲ್ಲಿ, ಎಲ್ಲೆಡೆ ಅಳವಡಿಸಿಕೊಂಡದ್ದು 1986–87ರ ಋತುವಿನಲ್ಲಿ. ಬುಟ್ಟಿಯ ಕೆಳಗೆ ನಿಲ್ಲಬೇಕಾದಷ್ಟು ಎತ್ತರದ ಕುಕೋಚ್ ದೂರದಿಂದ ಎಸೆಯುವುದನ್ನು ತಡೆಯುವ ಬಗೆ ಎದುರಾಳಿಗಳಿಗೆ ಆ ದಿನ ತೋಚಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ಎಂಬ ಸಂಖ್ಯೆಯ ಹಿಂದೆ ಪ್ರತಿಭೆಯ ಜೊತೆಗೆ ಬದಲಾದ ನಿಯಮವನ್ನು ಒಂದು ನಾಡು ಇನ್ನೊಂದಕ್ಕಿಂತ ಮುಂಚಿತವಾಗಿ ಮೈಗೂಡಿಸಿಕೊಂಡ ಇತಿಹಾಸವೂ ಇದೆ.

ಆ ವರ್ಷದ ಯುಗೊಸ್ಲಾವಿಯಾ

ಬೋರ್ಮಿಯೊದ ಹುಡುಗರು ನೆಮ್ಮದಿಯ ದೇಶವೊಂದರಿಂದ ಬಂದವರೆಂದು ಭಾವಿಸುವುದು ತಪ್ಪಾಗುತ್ತದೆ. 1987ರ ವೇಳೆಗೆ ಅಲ್ಲಿ ಹಣದುಬ್ಬರ ಮಿತಿಮೀರಿತ್ತು. ಏಪ್ರಿಲ್ 24ರಂದು ಸ್ಲೊಬೊದಾನ್ ಮಿಲೊಶೆವಿಚ್ ಕೊಸೊವೊ ಪೋಲ್ಯೆಗೆ ಭೇಟಿ ನೀಡಿ ಅಲ್ಲಿನ ಸರ್ಬ್ ಜನರ ಪರವಾಗಿ ಆಡಿದ ಮಾತು ಅವರ ರಾಜಕೀಯ ಏರಿಕೆಗೆ ಮೆಟ್ಟಿಲಾಯಿತು. ಆಗಸ್ಟ್‌ನಲ್ಲಿ ಬೋಸ್ನಿಯಾದ ಆಗ್ರೊಕೊಮೆರ್ತ್ಸ್ ಸಂಸ್ಥೆಯ ಹಣಕಾಸು ಹಗರಣ ಬಯಲಿಗೆ ಬಂದಿತು. ಸೆಪ್ಟೆಂಬರ್‌ನಲ್ಲಿ ಸರ್ಬಿಯಾದ ಕಮ್ಯುನಿಸ್ಟ್ ಒಕ್ಕೂಟದ ಎಂಟನೆಯ ಅಧಿವೇಶನದಲ್ಲಿ ಮಿಲೊಶೆವಿಚ್ ತಮ್ಮ ವಿರೋಧಿಗಳನ್ನು ಮೂಲೆಗೊತ್ತಿದರು. ಬೋರ್ಮಿಯೊ ಜಯ ಏಪ್ರಿಲ್ ಮತ್ತು ಸೆಪ್ಟೆಂಬರ್‌ಗಳ ನಡುವೆ ಬರುತ್ತದೆ.

ಕೊಸೊವೊ ಪೋಲ್ಯೆ ಎಂಬ ಸ್ಥಳನಾಮ ಜಾನಪದ ದೃಷ್ಟಿಯಿಂದ ಮುಖ್ಯವಾದುದು. 1389ರ ಕೊಸೊವೊ ಕಾಳಗವನ್ನು ಕುರಿತ ಹಾಡುಗಳು ಸರ್ಬ್ ಮೌಖಿಕ ಮಹಾಕಾವ್ಯದ ಹೃದಯಭಾಗ. ಆ ಹಾಡುಗಳಲ್ಲಿ ರಣರಂಗದ ನಷ್ಟ ನೈತಿಕ ಗೆಲುವಾಗಿ ಮಾರ್ಪಡುತ್ತದೆ. ಆರು ಶತಮಾನಗಳ ಹಿಂದಿನ ಕಾಳಗದ ಸ್ಮರಣೆ ರಾಜಕೀಯದ ಇಂಧನವಾಗುತ್ತಿದ್ದ ವರ್ಷದಲ್ಲಿಯೇ ಇನ್ನೊಂದು ಐತಿಹ್ಯಕ್ಕೆ ಬೇಕಾದ ಘಟನೆ ಸದ್ದಿಲ್ಲದೆ ನಡೆದುಹೋಗಿತ್ತು.

ಒಡೆದ ತಂಡ

ಪಂದ್ಯಾವಳಿ ಮುಗಿದ ವರ್ಷವೇ ಪೆಶಿಚ್ ಪಶ್ಚಿಮ ಜರ್ಮನಿಯ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಕುಕೋಚ್, ರಾಡ್ಜಾ, ದಿವಾತ್ಸ್ ಹಿರಿಯರ ತಂಡ ಸೇರಿ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯನ್ನೂ 1989ರಲ್ಲಿ ಝಾಗ್ರೆಬ್‌ನಲ್ಲಿ ಯುರೋಪಿನ ಪಟ್ಟವನ್ನೂ ಪಡೆದರು. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಯುಗೊಸ್ಲಾವಿಯಾ ವಿಶ್ವ ಚಾಂಪಿಯನ್ ಆಯಿತು. ಆ ಸಂಭ್ರಮದ ನಡುವೆ ಅಂಕಣಕ್ಕೆ ಬಂದ ಅಭಿಮಾನಿಯೊಬ್ಬನ ಕೈಯಿಂದ ದಿವಾತ್ಸ್ ಕ್ರೊಯೇಷಿಯಾದ ಧ್ವಜವನ್ನು ಕಿತ್ತುಕೊಂಡರು. ಯುಗೊಸ್ಲಾವಿಯಾದ ಜಯೋತ್ಸವದಲ್ಲಿ ಬೇರೆ ಧ್ವಜ ಇರಬಾರದೆಂಬುದು ಅವರ ವಿವರಣೆ. ಕ್ರೊಯೇಷಿಯಾದಲ್ಲಿ ಅದು ಅವಮಾನವೆನಿಸಿತು. ತಂಡದ ಹಿರಿಯ ತಾರೆ ದ್ರಾಜೆನ್ ಪೆತ್ರೊವಿಚ್ ಅವರೊಂದಿಗಿನ ದಿವಾತ್ಸ್ ಸ್ನೇಹ ಅಲ್ಲಿಗೆ ಕಡಿಯಿತು. 1993ರ ಜೂನ್ 7ರಂದು ಪೆತ್ರೊವಿಚ್ ಜರ್ಮನಿಯಲ್ಲಿ ರಸ್ತೆ ಅಪಘಾತದಲ್ಲಿ ಮೃತಪಟ್ಟಾಗ ಆ ಬಿರುಕು ಮುಚ್ಚಿರಲಿಲ್ಲ.

1991ರ ಜೂನ್ 25ರಂದು ಸ್ಲೊವೇನಿಯಾ ಮತ್ತು ಕ್ರೊಯೇಷಿಯಾ ಸ್ವಾತಂತ್ರ್ಯ ಘೋಷಿಸಿದಾಗ ಯುಗೊಸ್ಲಾವ್ ತಂಡ ರೋಮ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಆಡುತ್ತಿತ್ತು. ಸ್ಲೊವೇನಿಯಾದ ಯೂರೆ ಜ್ದೊವ್ತ್ಸ್ ತಮ್ಮ ಸರಕಾರದ ಸೂಚನೆಯಂತೆ ನಡುವೆಯೇ ತಂಡ ತೊರೆದರು. ಉಳಿದವರು ಜೂನ್ 29ರಂದು ಇಟಲಿಯನ್ನು 88–73ರಿಂದ ಸೋಲಿಸಿದರು. ಕುಕೋಚ್, ರಾಡ್ಜಾ, ದಿವಾತ್ಸ್, ಜೋರ್ಜೆವಿಚ್ ಒಂದೇ ಅಂಗಿ ತೊಟ್ಟು ಆಡಿದ ಕೊನೆಯ ಪಂದ್ಯಾವಳಿ ಅದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕುಕೋಚ್, ರಾಡ್ಜಾ ಕ್ರೊಯೇಷಿಯಾದ ಪರವಾಗಿ ಬೆಳ್ಳಿ ಗೆದ್ದರು. ವಿಶ್ವಸಂಸ್ಥೆಯ ನಿರ್ಬಂಧದಿಂದಾಗಿ ಸರ್ಬಿಯಾ–ಮಾಂಟೆನೆಗ್ರೊ ಉಳಿಸಿಕೊಂಡಿದ್ದ ಯುಗೊಸ್ಲಾವಿಯಾದ ತಂಡ ಅಲ್ಲಿರಲಿಲ್ಲ. 1995ರಲ್ಲಿ ಅಥೆನ್ಸ್‌ನಲ್ಲಿ ಎರಡೂ ತಂಡಗಳು ಒಂದೇ ಪದಕ ವೇದಿಕೆಯಲ್ಲಿ ಕಾಣಿಸಿಕೊಂಡವು. ದಿವಾತ್ಸ್, ಜೋರ್ಜೆವಿಚ್ ಚಿನ್ನದ ಮೆಟ್ಟಿಲಿನಲ್ಲಿ. ಕಂಚು ಪಡೆದ ಕ್ರೊಯೇಷಿಯಾದ ತಂಡದಲ್ಲಿ ಕುಕೋಚ್, ರಾಡ್ಜಾ. ಯುಗೊಸ್ಲಾವಿಯಾದ ಗೀತೆಗೆ ಮುನ್ನ ಕ್ರೊಯೇಷಿಯಾದ ತಂಡ ವೇದಿಕೆಯಿಂದ ಇಳಿದು ನಡೆಯಿತು. ಬೋರ್ಮಿಯೊ ಮತ್ತು ಅಥೆನ್ಸ್ ನಡುವಿನ ಅಂತರ ಎಂಟು ವರ್ಷ.

ಐತಿಹ್ಯದ ರಚನೆ

ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ 1909ರಲ್ಲಿ ಮಂಡಿಸಿದ ಜನಪದ ಕಥನದ ನಿಯಮಗಳು ಬೋರ್ಮಿಯೊ ಕಥನವನ್ನು ಅರಿಯಲು ನೆರವಾಗುತ್ತವೆ. ಕೇಂದ್ರ ಪಾತ್ರದ ಮೇಲೆ ಗಮನ ನಿಲ್ಲಬೇಕೆಂಬ ನಿಯಮದಂತೆ ಇಲ್ಲಿ ಕುಕೋಚ್ ನಾಯಕರಾಗುತ್ತಾರೆ. ಅವರ ಹನ್ನೊಂದು ಎಸೆತಗಳು ಗುಂಪು ಹಂತಕ್ಕೆ ಸೇರಿದವಾದರೂ ಕಥನದಲ್ಲಿ ಫೈನಲ್‌ಗಿಂತ ದೊಡ್ಡ ಸ್ಥಾನ ಪಡೆಯುತ್ತವೆ. ಮೂರರ ನಿಯಮದಂತೆ ಇಡೀ ತಂಡ ಕುಕೋಚ್, ರಾಡ್ಜಾ, ದಿವಾತ್ಸ್ ಎಂಬ ತ್ರಿವಳಿಯಾಗಿ ಕುಗ್ಗುತ್ತದೆ. ಪಾವಿಚೆವಿಚ್, ಅವ್ದಿಚ್ ಮೊದಲಾದವರು ಅಂಚಿಗೆ ಸರಿಯುತ್ತಾರೆ.

ವೈದೃಶ್ಯದ ನಿಯಮ ಎದುರಾಳಿಯನ್ನು ಹಿಗ್ಗಿಸುತ್ತದೆ. ಲ್ಯಾರಿ ಬ್ರೌನ್ ತರಬೇತಿಯ ಅಮೆರಿಕ ತಂಡದಲ್ಲಿ ಗ್ಯಾರಿ ಪೇಟನ್, ಲ್ಯಾರಿ ಜಾನ್ಸನ್, ಸ್ಟೇಸಿ ಆಗ್ಮನ್ ಇದ್ದರು. ಇಂದು ಈ ಹೆಸರುಗಳು ಮಹಾರಥರ ಹೆಸರುಗಳು. 1987ರಲ್ಲಿ ಅವರೂ ಎದುರಾಳಿಗಳಂತೆಯೇ ಹೆಸರು ಮಾಡಬೇಕಾಗಿದ್ದ ಹುಡುಗರು. ಕಥನ ಅವರ ಮುಂದಿನ ಕೀರ್ತಿಯನ್ನು ಹಿಂದಕ್ಕೆ ಒಯ್ದು ಆ ದಿನದ ಅವರ ಮೈಗೆ ತೊಡಿಸುತ್ತದೆ.

ಇದೇ ಹಿಮ್ಮುಖ ಚಲನೆ ಯುಗೊಸ್ಲಾವ್ ತಂಡಕ್ಕೂ ಅನ್ವಯಿಸುತ್ತದೆ. ಆಗ ಸಹಜವಾಗಿದ್ದ ಕೂಡಿಬಾಳುವಿಕೆಯ ಮೇಲೆ ಮುಂದಿನ ಅಗಲಿಕೆಯ ನೆರಳನ್ನು ಚೆಲ್ಲಲಾಗುತ್ತದೆ. ದಿವಾತ್ಸ್–ಪೆತ್ರೊವಿಚ್ ಸ್ನೇಹ ಮುರಿದ ಬಗೆಯನ್ನು ಹೇಳುವ 2010ರ ಸಾಕ್ಷ್ಯಚಿತ್ರ ಈ ಪೀಳಿಗೆಯನ್ನು ಕಳೆದುಹೋದ ಸೋದರತ್ವದ ರೂಪಕವಾಗಿ ಜಗತ್ತಿನ ಮುಂದಿಟ್ಟಿತು. ಕೊಸೊವೊ ಹಾಡುಗಳು ನಷ್ಟವನ್ನು ಗೆಲುವಾಗಿಸಿದರೆ ಬೋರ್ಮಿಯೊ ಕಥನ ಗೆಲುವನ್ನು ಶೋಕಗೀತೆಯಾಗಿಸಿತು. ಮೊದಲನೆಯದು ಒಂದು ಜನಾಂಗದ ಗುರುತನ್ನು ಗಟ್ಟಿಗೊಳಿಸುವ ಕಥನ. ಎರಡನೆಯದು ಯಾವ ಒಂದು ರಾಷ್ಟ್ರವೂ ಪೂರ್ತಿಯಾಗಿ ತನ್ನದೆನ್ನಲಾಗದ ಕಥನ. ದಾಖಲೆಯಲ್ಲಿ ಚಾಂಪಿಯನ್ ಎಂದು ನಮೂದಾದ ದೇಶ ಇಂದು ಭೂಪಟದಲ್ಲಿಲ್ಲ. ಅದರ ಆಟಗಾರರು ಅನಂತರ ಬೇರೆ ಬೇರೆ ದೇಶಗಳ ಪ್ರಜೆಗಳಾದರು. ಅಲಿಬೆಗೊವಿಚ್ ಮುಂದೆ ಸ್ಲೊವೇನಿಯಾಕ್ಕೆ ಆಡಿದರು. ಆ ಪದಕದ ಉತ್ತರಾಧಿಕಾರಿ ಯಾರೆಂಬ ಪ್ರಶ್ನೆಗೆ ರಾಜಕೀಯ ಭೂಪಟದಲ್ಲಿ ಉತ್ತರವಿಲ್ಲದ್ದರಿಂದಲೇ ಜನ ಕಥನದಲ್ಲಿ ಉತ್ತರ ಹುಡುಕುತ್ತಾರೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಬೋರ್ಮಿಯೊ ಐತಿಹ್ಯ ಸುಳ್ಳಲ್ಲ. ಅದರ ಅಂಕಗಳು, ಹೆಸರುಗಳು, ಎಸೆತಗಳು ದಾಖಲಾಗಿರುವ ಸತ್ಯಗಳು. ಆದರೆ ಅವುಗಳ ಆಯ್ಕೆ ಮತ್ತು ಜೋಡಣೆ 1987ಕ್ಕಿಂತ ಹೆಚ್ಚಾಗಿ 1991ರ ನಂತರದ ವರ್ಷಗಳಿಗೆ ಸೇರಿದ್ದು. ಆದುದರಿಂದ ಈ ಕಥನವನ್ನು ಆ ಪಂದ್ಯಾವಳಿಯ ಚರಿತ್ರೆಗೆ ಆಕರವಾಗಿ ಬಳಸುವಾಗ ಎಚ್ಚರ ಅಗತ್ಯ. ದೇಶವೊಂದು ಇಲ್ಲವಾದ ಮೇಲೆ ಅದರ ಜನ ಏನನ್ನು ಕಳೆದುಕೊಂಡೆವೆಂದು ಭಾವಿಸಿದರು ಎಂಬುದಕ್ಕೆ ಮಾತ್ರ ಇದು ಬೆಲೆಯುಳ್ಳ ಆಕರ.

ಎರಡನೆಯದಾಗಿ, ಐತಿಹ್ಯ ಒಮ್ಮೆ ನೆಲೆಗೊಂಡಿತೆಂದರೆ ಅದರ ಹೊರಗುಳಿದ ಸಂಗತಿಗಳನ್ನು ಮರಳಿ ಪಡೆಯುವುದು ಕಷ್ಟ. ವಾಲ್ ಪೋಲಾದ ಮಣ್ಣಿನಡಿ ಹೋದ ಹಳ್ಳಿಗಳು, ಅಂಚಿಗೆ ಸರಿದ ಆಟಗಾರರು ಇದಕ್ಕೆ ಸಾಕ್ಷಿ. ರಾಷ್ಟ್ರೀಯ ಕಿರಿಯರ ತಂಡಗಳ ಇಂತಹ ಪಂದ್ಯಾವಳಿಗಳು ಕರ್ನಾಟಕಕ್ಕೂ ಅಪರಿಚಿತವಲ್ಲ. ಏಷ್ಯಾದ ಕಿರಿಯ ವನಿತೆಯರ ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ಗಳು 2017, 2018 ಮತ್ತು 2022ರಲ್ಲಿ ಬೆಂಗಳೂರಿನಲ್ಲಿ ನಡೆದಿವೆ. ಆಡಿದವರ, ನೋಡಿದವರ, ಅಂಕಣ ಸಿದ್ಧಪಡಿಸಿದವರ ನೆನಪುಗಳು ಇನ್ನೂ ಒಂದೇ ಅಚ್ಚಿಗೆ ಇಳಿಯದಿರುವಾಗಲೇ ಅವುಗಳನ್ನು ಮೌಖಿಕ ಚರಿತ್ರೆಯ ವಿಧಾನದಲ್ಲಿ ಸಂಗ್ರಹಿಸುವುದು ಜಾನಪದ ಕ್ಷೇತ್ರಕಾರ್ಯದ ವ್ಯಾಪ್ತಿಗೆ ಸೇರಬೇಕಾದ ಕೆಲಸ.