ತಂತ್ರಾಂಶ ದಾಖಲೆಗಳಲ್ಲಿ ಕಾಗುಣಿತ ಮತ್ತು ಪರಿಭಾಷೆಯ ಏಕರೂಪತೆ

ತಂತ್ರಾಂಶದ ಕೈಪಿಡಿ, ಸಹಾಯ ಪುಟ, ಪರದೆಯ ಮೇಲಿನ ಆಜ್ಞೆ ಮತ್ತು ಸೂಚನೆಗಳಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು, ಆ ಹೆಸರಿಗೆ ಒಂದೇ ಕಾಗುಣಿತ ಇರುವಂತೆ ನೋಡಿಕೊಳ್ಳುವ ಪದ್ಧತಿ. ಪರದೆಯಲ್ಲಿ ‘ಉಳಿಸು’ ಎಂದಿದ್ದು ಕೈಪಿಡಿಯಲ್ಲಿ ‘ಸಂಗ್ರಹಿಸು’ ಎಂದಿದ್ದರೆ, ಕಂಪ್ಯೂಟರಿಗೆ ಹೊಸಬರಾದವರು ಅವೆರಡೂ ಬೇರೆ ಬೇರೆ ಕೆಲಸಗಳೆಂದೇ ತಿಳಿಯುತ್ತಾರೆ. ಹುಡುಕುವ ಯಂತ್ರಕ್ಕಂತೂ ಒಂದು ಅಕ್ಷರ ಬದಲಾದರೆ ಪದವೇ ಬೇರೆ. ಕನ್ನಡದಲ್ಲಿ ಈ ಪದ್ಧತಿಯ ಚರಿತ್ರೆ ಮೂರು ಎಳೆಗಳಲ್ಲಿ ಸಾಗಿದೆ: ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವುದು, ಪಾರಿಭಾಷಿಕ ಪದಗಳನ್ನು ಗೊತ್ತುಮಾಡುವುದು, ಊರು ಮತ್ತು ವ್ಯಕ್ತಿಗಳ ಹೆಸರನ್ನು ಎಲ್ಲೆಡೆ ಒಂದೇ ಬಗೆಯಲ್ಲಿ ಬರೆಯುವುದು. ಶಿವಮೊಗ್ಗ, ಭದ್ರಾವತಿಗಳು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಹಿನ್ನೆಲೆ

ಬರಹದ ಏಕರೂಪತೆಯ ಚಿಂತೆ ಕಂಪ್ಯೂಟರಿಗಿಂತ ಬಹಳ ಹಳೆಯದು. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞಕಾರ ಇರುವ ಪದಗಳನ್ನು ಪಟ್ಟಿಮಾಡಿದ. ನಾಲಿಗೆಯಿಂದ ಮರೆಯಾಗುತ್ತಿದ್ದ ಅಕ್ಷರವನ್ನು ಬರಹದಲ್ಲಿ ಎಲ್ಲಿ ಉಳಿಸಿಕೊಳ್ಳಬೇಕೆಂದು ತಿಳಿಸುವ ಪಟ್ಟಿ ಅದು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಿನ ಯುಗದ ಬರಹಗಾರರಿಗೆ ಆಧಾರವಾಯಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ, ಶಾಸ್ತ್ರವಿಷಯಗಳಿಗೆ ಕನ್ನಡದ ಪದಗಳನ್ನು ರೂಢಿಸುವ ಹೊಣೆ ಹೊತ್ತಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು 1956ರಿಂದ 1960ರವರೆಗೆ ಆ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ ಕನ್ನಡದಲ್ಲಿ ಉನ್ನತ ಶಿಕ್ಷಣದ ವಾದಕ್ಕೆ ಬಲ ಬಂತು. ಪಠ್ಯಪುಸ್ತಕಗಳು ಹೆಚ್ಚಿದಂತೆ ಒಂದೇ ಪರಿಕಲ್ಪನೆಗೆ ಹಲವು ಪದಗಳು ಬಳಕೆಗೆ ಬರುವ ತೊಡಕೂ ಹೆಚ್ಚಿತು.

ಹೊರಜಗತ್ತಿನಲ್ಲಿ ಆಸ್ಟ್ರಿಯಾದ ಎಂಜಿನಿಯರ್ ಯೂಜೆನ್ ವ್ಯೂಸ್ಟರ್ ಪರಿಭಾಷೆಯ ಅಧ್ಯಯನಕ್ಕೆ ಶಾಸ್ತ್ರದ ತಳಹದಿ ಹಾಕಿದರು. ತಂತ್ರಾಂಶ ಲೋಕದಲ್ಲಿ ಒಂದು ಕಾಗುಣಿತದ ತಪ್ಪು ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ವೆಬ್‌ನ ಎಚ್‌ಟಿಟಿಪಿ ಶಿಷ್ಟತೆಯೇ ಸಾಕ್ಷಿ. ಓದುಗರು ಯಾವ ಪುಟದಿಂದ ಬಂದರೆಂದು ತಿಳಿಸುವ ‘ರೆಫರರ್’ ಎಂಬ ಶೀರ್ಷಿಕೆಯ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಆರ್’ ಬಿಟ್ಟುಹೋಗಿತ್ತು. 1996ರ ದಾಖಲೆಯಲ್ಲಿ ಅದು ಹಾಗೆಯೇ ಸೇರಿತು, ಇಂದಿಗೂ ಹಾಗೆಯೇ ಇದೆ. ಮುಂದೆ ಬಂದ ಸಂಬಂಧಿತ ಶೀರ್ಷಿಕೆಯೊಂದರಲ್ಲಿ ಸರಿಯಾದ ಕಾಗುಣಿತವನ್ನು ಬಳಸಿದ್ದರಿಂದ ಎರಡೂ ರೂಪಗಳು ಈಗ ಒಟ್ಟಿಗೆ ಚಾಲ್ತಿಯಲ್ಲಿವೆ.

ಅಕ್ಷರಸಂಕೇತ: ಕಾಣದ ಕಾಗುಣಿತ

ಬರಹ (1998), ನುಡಿ, ಶ್ರೀಲಿಪಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ಒಗ್ಗಿಸಿದವು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಆದರೆ ಆ ಕಾಲದ ಅಕ್ಷರಶೈಲಿಗಳು ಅಕ್ಷರದ ತುಂಡುಗಳನ್ನು ತಮ್ಮತಮ್ಮ ಕ್ರಮದಲ್ಲಿ ಜೋಡಿಸಿಕೊಂಡಿದ್ದವು. ಹೀಗಾಗಿ ಕಾಗದದ ಮೇಲೆ ಒಂದೇ ಆಗಿದ್ದ ಪದ ಕಡತದೊಳಗೆ ಬೇರೆ ಬೇರೆ ಸಂಖ್ಯೆಗಳ ಸಾಲಾಗಿರುತ್ತಿತ್ತು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಲೂ ಆಗುತ್ತಿರಲಿಲ್ಲ, ಹುಡುಕಲೂ ಆಗುತ್ತಿರಲಿಲ್ಲ.

1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಟ್ಟಿತು. ವಿಂಡೋಸ್ ಎಕ್ಸ್‌ಪಿ ಜತೆಗೆ ಬಂದ ಕನ್ನಡ ಯೂನಿಕೋಡ್ ಅಕ್ಷರಶೈಲಿಯ ಹೆಸರು ‘ತುಂಗಾ’, ಶಿವಮೊಗ್ಗವನ್ನು ಬಳಸಿ ಹರಿಯುವ ಹೊಳೆಯ ಹೆಸರೇ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕೆ. ಚಿದಾನಂದಗೌಡರು ಮುಂದೆ ರಾಜ್ಯ ಸರ್ಕಾರದ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾದರು. ಆಡಳಿತ ಕನ್ನಡ ಯೂನಿಕೋಡಿಗೆ ಹೊರಳಿದ ದಾರಿಯಲ್ಲಿ ಆ ಸಮಿತಿಯ ಕೆಲಸಕ್ಕೆ ಮುಖ್ಯ ಸ್ಥಾನವಿದೆ.

ಯೂನಿಕೋಡ್ ಬಂದ ಮೇಲೂ ಕಣ್ಣಿಗೆ ಕಾಣದ ವ್ಯತ್ಯಾಸಗಳು ಉಳಿದವು. ‘ಶಿವಮೊಗ್ಗ’ದ ‘ಮೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸಂಕೇತಗಳನ್ನು ಹಾಗೆಹಾಗೆಯೇ ಹೋಲಿಸುವ ತಂತ್ರಾಂಶಕ್ಕೆ ಮಾತ್ರ ಅವು ಎರಡು ಊರುಗಳು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಸಾರಿ, ಒಂದೇ ರೂಪಕ್ಕೆ ತರುವ ಸಾಮಾನ್ಯೀಕರಣದ ವಿಧಾನವನ್ನೂ ಕೊಟ್ಟಿದೆ. ದತ್ತಾಂಶ ಸೇರಿಸುವಾಗಲೇ ಆ ವಿಧಾನ ಬಳಸಿದರೆ ತೊಂದರೆ ಹುಟ್ಟುವುದಿಲ್ಲ.

ಎಲ್ಲ ವ್ಯತ್ಯಾಸವೂ ಹೀಗೆ ತಾನಾಗಿ ಬಗೆಹರಿಯುವುದಿಲ್ಲ. ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ‘ರ‍್ಯಾಂಕ್’ ಎಂದು ಅರ್ಕಾವೊತ್ತಿಲ್ಲದೆ ಬರೆಯಲು ಬೇಕಾದ ಅದೃಶ್ಯ ಜೋಡಕವನ್ನು ಹಲಂತ ಚಿಹ್ನೆಗೆ ಮೊದಲು ಇಡುವುದು ನಿಯಮ, ನಂತರ ಇಟ್ಟ ಬರಹಗಳೂ ಇವೆ. ಇಂಥ ಕಡೆ ದಾಖಲೆ ಬರೆಯುವವರೇ ನಿಯಮ ಮಾಡಿಕೊಂಡು ಅದಕ್ಕೆ ಬದ್ಧರಾಗಬೇಕು.

ಶಿಷ್ಟತೆಯ ದಾಖಲೆಯಲ್ಲೇ ತಪ್ಪು ಸೇರಿದ ಉದಾಹರಣೆ ಕನ್ನಡಕ್ಕೂ ಇದೆ. ಕೇಶಿರಾಜ ಪಟ್ಟಿಮಾಡಿ ಕಾಪಾಡಿದ ೞಕಾರಕ್ಕೆ ಯೂನಿಕೋಡ್ ಕೊಟ್ಟ ಸಂಖ್ಯೆ 3294. ಅದರ ಹೆಸರನ್ನು ಮಾತ್ರ ‘ಫ’ ಎಂದು ತಪ್ಪಾಗಿ ನಮೂದಿಸಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಅದನ್ನೇ ನಂಬಿ ಬರೆದ ತಂತ್ರಾಂಶಗಳು ಮುರಿಯಬಾರದೆಂಬ ಕಾರಣಕ್ಕೆ ಈ ನಿಯಮವಿದೆ. ಆದ್ದರಿಂದ ತಪ್ಪು ಹೆಸರನ್ನು ಹಾಗೆಯೇ ಇಟ್ಟು, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ಸೇರಿಸಲಾಗಿದೆ.

ಪರಿಭಾಷೆ

ಕಂಪ್ಯೂಟರ್ ಪದಗಳಲ್ಲಿ ಕನ್ನಡ ಎರಡು ದಾರಿಗಳನ್ನೂ ಹಿಡಿದಿದೆ. ‘ತಂತ್ರಾಂಶ’, ‘ಯಂತ್ರಾಂಶ’, ‘ಕಡತ’, ‘ಜಾಲತಾಣ’ ಒಂದು ಕಡೆ, ‘ಸಾಫ್ಟ್‌ವೇರ್’, ‘ಹಾರ್ಡ್‌ವೇರ್’, ‘ಫೈಲ್’, ‘ವೆಬ್‌ಸೈಟ್’ ಇನ್ನೊಂದು ಕಡೆ. ಮಿಂಚಂಚೆ, ಇ-ಅಂಚೆ, ಇಮೇಲ್ ಮೂರೂ ಬಳಕೆಯಲ್ಲಿವೆ. ಯಾವುದು ಹೆಚ್ಚು ಕನ್ನಡ ಎಂಬ ಚರ್ಚೆಗೆ ಅದರದೇ ಬೆಲೆಯಿದೆ. ಆದರೆ ಕೈಪಿಡಿ ಓದುವವರಿಗೆ ಅದಕ್ಕಿಂತ ಮುಖ್ಯವಾದದ್ದು, ಮೊದಲ ಪುಟದಲ್ಲಿ ಆರಿಸಿದ ಪದವೇ ಕೊನೆಯ ಪುಟದಲ್ಲೂ ಇರುವುದು.

ಗ್ನೋಮ್, ಕೆಡಿಇ, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮುಂತಾದ ಸ್ವತಂತ್ರ ತಂತ್ರಾಂಶಗಳು ಸ್ವಯಂಸೇವಕರ ಶ್ರಮದಿಂದ ಕನ್ನಡಕ್ಕೆ ಬಂದಾಗ ಈ ಅಗತ್ಯ ಇನ್ನಷ್ಟು ಸ್ಪಷ್ಟವಾಯಿತು. ಬೇರೆ ಬೇರೆ ಊರುಗಳಲ್ಲಿ ಕುಳಿತ ಅನುವಾದಕರು ಒಂದೇ ಆಜ್ಞೆಗೆ ಒಂದೊಂದು ಪದ ಕೊಟ್ಟರೆ, ಒಂದೇ ಗಣಕದ ಎರಡು ಕಿಟಕಿಗಳು ಎರಡು ಕನ್ನಡದಲ್ಲಿ ಮಾತಾಡುತ್ತವೆ. 2008ರಲ್ಲಿ ಭಾರತದಲ್ಲಿ ಆರಂಭವಾದ ‘ಫ್ಯೂಯೆಲ್’ ಯೋಜನೆ, ಪದೇ ಪದೇ ಬರುವ ಪದಗಳ ಪಟ್ಟಿ ಮಾಡಿ, ಭಾಷೆಯ ಸಮುದಾಯವನ್ನು ಒಂದೆಡೆ ಕೂರಿಸಿ, ಚರ್ಚಿಸಿ ತೀರ್ಮಾನಿಸುವ ಕ್ರಮವನ್ನು ತಂದಿತು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಪದ ಗೊತ್ತಾದರೂ ಪ್ರತ್ಯಯದ ಪ್ರಶ್ನೆ ಉಳಿಯುತ್ತದೆ. ‘ಕಡತವನ್ನು’ ಎಂಬಲ್ಲಿ ಗೊಂದಲವಿಲ್ಲ. ‘ಫೈಲನ್ನು’, ‘ಫೈಲ್ ಅನ್ನು’, ‘ಫೈಲ್‌ಅನ್ನು’ ಎಂಬ ಮೂರು ರೂಪಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವಿಭಕ್ತಿ, ಸಂಧಿಗಳಿಂದ ಒಂದು ಪದಕ್ಕೆ ಹತ್ತಾರು ರೂಪಗಳು ಬರುವುದರಿಂದ ಹನ್‌ಸ್ಪೆಲ್‌ನಂಥ ಕಾಗುಣಿತ ಪರೀಕ್ಷಕಗಳಿಗೂ ಬರಿಯ ಪದಪಟ್ಟಿ ಸಾಲದು, ರೂಪಗಳನ್ನು ಕಟ್ಟುವ ನಿಯಮಗಳೂ ಬೇಕಾಗುತ್ತವೆ.

ಸ್ಥಳನಾಮಗಳು: ಶಿವಮೊಗ್ಗ ಮತ್ತು ಭದ್ರಾವತಿ

ಕನ್ನಡದಲ್ಲಿ ‘ಶಿವಮೊಗ್ಗ’ ಎಂದೇ ಇದ್ದ ಊರು ರೋಮನ್ ಲಿಪಿಯಲ್ಲಿ ಬ್ರಿಟಿಷರ ಕಾಲದಿಂದ ‘ಶಿಮೊಗ’ ಆಗಿತ್ತು. ಊರ ಹೆಸರುಗಳನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಹೊಂದಿಸಬೇಕೆಂಬ ಸಲಹೆಯನ್ನು ಸುವರ್ಣ ಕರ್ನಾಟಕದ ಸಂದರ್ಭದಲ್ಲಿ ಮುಂದಿಟ್ಟವರು ಇದೇ ಜಿಲ್ಲೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ. 2014ರ ನವೆಂಬರ್ 1ರಂದು ಶಿವಮೊಗ್ಗವೂ ಸೇರಿ 12 ಊರುಗಳ ರೋಮನ್ ಕಾಗುಣಿತ ಅಧಿಕೃತವಾಗಿ ಬದಲಾಯಿತು.

ಹೆಸರು ಬದಲಾದರೂ ಅದರ ಹಿಂದಿನ ಗುರುತುಗಳು ಕದಲಲಿಲ್ಲ. ಶಿವಮೊಗ್ಗ ಟೌನ್ ರೈಲು ನಿಲ್ದಾಣದ ಸಂಕೇತ ‘ಎಸ್‌ಎಂಇಟಿ’ ಆಗಿಯೇ ಉಳಿಯಿತು. ವಾಹನ ನೋಂದಣಿಯ ‘ಕೆಎ-14’ ಕೂಡ ಹಾಗೆಯೇ ಉಳಿಯಿತು. ಓದುವವರಿಗೆ ಕಾಣುವ ಹೆಸರನ್ನು ಯಂತ್ರ ಬಳಸುವ ಗುರುತಿನಿಂದ ಬೇರೆಯಾಗಿಟ್ಟರೆ, ಹೆಸರನ್ನು ಯಾವಾಗ ಬೇಕಾದರೂ ತಿದ್ದಬಹುದು. ಹೆಸರನ್ನೇ ಗುರುತಾಗಿ ಬಳಸಿದ ದತ್ತಾಂಶದಲ್ಲಾದರೆ ಪ್ರತಿ ಸಾಲನ್ನೂ ತಿದ್ದಬೇಕಾಗುತ್ತದೆ.

ಭದ್ರಾವತಿಯ ತೊಡಕು ಬೇರೆ ಬಗೆಯದು. ಕೊನೆಯ ‘ತಿ’ಯನ್ನು ರೋಮನ್ ಲಿಪಿಯಲ್ಲಿ ಕೆಲವರು ‘ಟಿ’ ಒಂದರಿಂದ, ಕೆಲವರು ‘ಟಿ-ಎಚ್’ ಜೋಡಿಯಿಂದ ಬರೆಯುತ್ತಾರೆ. ‘ತ’ ಮತ್ತು ‘ಟ’ಗಳನ್ನು ಬೇರ್ಪಡಿಸುವ ದಕ್ಷಿಣದ ರೂಢಿ ಎರಡನೆಯದರ ಹಿಂದಿದೆ. 2001ರ ಐಎಸ್‌ಒ 15919 ಲಿಪ್ಯಂತರ ಶಿಷ್ಟತೆ ‘ತ’ಕ್ಕೆ ‘ಟಿ’ಯನ್ನೇ ಕೊಟ್ಟು, ‘ಟ’ಕ್ಕೆ ಅಡಿಚುಕ್ಕೆ ಸೇರಿಸುತ್ತದೆ. ಊರಿನ ಹಳೆಯ ಹೆಸರು ಬೆಂಕಿಪುರ. ಅಲ್ಲಿನ ಉಕ್ಕಿನ ಕಾರ್ಖಾನೆಗೆ ಹೆಸರಾದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಗೂ ರೋಮನ್ ಲಿಪಿಯಲ್ಲಿ ಹಲವು ರೂಪಗಳಿವೆ. ಕಾರ್ಖಾನೆ ಮತ್ತು ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಅವರು ತಾವೇ ಬರೆಯುತ್ತಿದ್ದ ರೂಪವನ್ನು ಉಳಿಸಿಕೊಂಡಿವೆ. ತುಂಗೆ, ಭದ್ರೆಯರು ಸೇರುವ ಊರು ಕನ್ನಡದಲ್ಲೇ ‘ಕೂಡಲಿ’ ಎಂದೂ ‘ಕೂಡ್ಲಿ’ ಎಂದೂ ಬರೆಯಲ್ಪಡುತ್ತದೆ.

ಅನುಸರಣೆಯ ಕ್ರಮ

ಈ ಚರಿತ್ರೆಯಿಂದ ದಾಖಲೆಕಾರರಿಗೆ ದೊರೆಯುವ ಕ್ರಮ ಸ್ಪಷ್ಟವಾಗಿದೆ. ಪ್ರತಿ ಯೋಜನೆಗೂ ಒಂದು ಪದಪಟ್ಟಿ, ಅದನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂಬ ನಿರ್ಧಾರ, ಬದಲಾವಣೆಗೆ ಒಂದು ದಿನಾಂಕ ಇರಬೇಕು. ಹಳೆಯ ಮತ್ತು ಪರ್ಯಾಯ ರೂಪಗಳನ್ನು ಅಳಿಸದೆ, ಹುಡುಕಿದಾಗ ಸರಿಯಾದ ರೂಪಕ್ಕೆ ಕರೆದೊಯ್ಯುವಂತೆ ಜೋಡಿಸಿಡಬೇಕು. 2014ರ ಹೆಸರು ಬದಲಾವಣೆ ನೆಲೆನಿಂತದ್ದು ಪಟ್ಟಿ, ಅಧಿಕಾರ, ದಿನಾಂಕ ಮೂರೂ ಒಟ್ಟಿಗಿದ್ದುದರಿಂದ. ಕನ್ನಡದ ತಂತ್ರಾಂಶ ಪದಗಳಿಗೆ ಇಂಥ ಆಸರೆ ಇನ್ನೂ ಬಿಡಿಬಿಡಿಯಾಗಿದೆ, ಒಂದೊಂದು ಸಂಸ್ಥೆಯ ಪಟ್ಟಿ ಒಂದೊಂದು ದಾರಿಯಲ್ಲಿದೆ. ಇಂಗ್ಲಿಷ್ ಬಲ್ಲವರು ಪದ ಬದಲಾದರೂ ಮೂಲವನ್ನು ಊಹಿಸಿಕೊಂಡು ಮುಂದೆ ಸಾಗುತ್ತಾರೆ. ಕನ್ನಡವೊಂದನ್ನೇ ನಂಬಿ ಪಹಣಿ ಪಡೆಯಲು, ಅರ್ಜಿ ತುಂಬಲು ಕುಳಿತವರಿಗೆ ಆ ಆಸರೆಯಿಲ್ಲ. ಆದ್ದರಿಂದ ಪರದೆಯ ಪದವೂ ಕೈಪಿಡಿಯ ಪದವೂ ಒಂದೇ ಆಗಿರಬೇಕೆಂದು ಕೇಳುವುದು ಅವರ ಹಕ್ಕು, ಅದನ್ನು ಪಾಲಿಸುವುದು ಬರೆಯುವವರ ಕರ್ತವ್ಯ.