ಗೋಸುಂಬೆ ಮತ್ತು ಕಾಣದ ಬಿಸಿಲು

ನಮ್ಮ ಸೀಮೆಯ ಬಿಸಿಲಿನ ವಿಷಯವಾಗಿ ಯಾರಾದರೂ ಒಳ್ಳೆಯ ಮಾತನಾಡಿದ್ದನ್ನು ನಾನು ಕೇಳಿದ್ದು ಕಡಮೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವುದು ಬೋಳು ಗುಡ್ಡ, ಬತ್ತಿದ ಕೆರೆ, ಕಡಲೆಕಾಯಿ ಹೊಲ, ಇವೆಲ್ಲದರ ಮೇಲೆ ಸುರಿಯುವ ಬಿಸಿಲು. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸೂರ್ಯನು ನಮ್ಮ ನೆತ್ತಿಗೆ ನೇರವಾಗಿ ಬರುತ್ತಾನೆ. 1687ರ ತರುವಾಯ ಶಿರಾದಲ್ಲಿ ನೆಲೆಯೂರಿದ ಮೊಗಲ್ ಸುಬೇದಾರರು ಅಲ್ಲಿ ಖಾನ್ ಬಾಗ್ ಎಂಬ ತೋಟವನ್ನು ಬೆಳೆಸಿದ್ದು ನೆರಳಿನ ಆಸೆಯಿಂದಲೇ ಇದ್ದೀತು. ಬಿಸಿಲಿಗೂ ಬೆಲೆಯುಂಟು ಎಂದು ಈ ನಾಡಿಗೆ ತಿಳಿದದ್ದು ಇತ್ತೀಚೆಗೆ. 2018ರಲ್ಲಿ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸೌರ ವಿದ್ಯುತ್ ಸ್ಥಾವರದ ಮೊದಲ ಹಂತ ಆರಂಭವಾಯಿತು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವದು. ರೈತರು ನೆಲವನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟರು. ರಾಗಿ ಬೆಳೆಯದ ನೆಲ ಬಿಸಿಲನ್ನು ಬೆಳೆಯತೊಡಗಿತು.

ಆದರೆ ಈ ಬಿಸಿಲಿನ ಬೆಲೆಯನ್ನು ನಮಗಿಂತ ಬಹಳ ಮೊದಲೇ ಅರಿತ ಪ್ರಾಣಿಯೊಂದು ನಮ್ಮ ಬೇಲಿಗಳಲ್ಲಿಯೇ ಇದೆ. ಅದೇ ಗೋಸುಂಬೆ. ಊಸರವಳ್ಳಿಯೆಂದೂ ಕರೆಯುತ್ತೇವೆ. ಪೇಟೆಯವರು ಇದನ್ನೂ ಓತಿಕೇತವನ್ನೂ ಒಂದೇ ಎಂದು ಭಾವಿಸುವುದುಂಟು. ತಲೆಯಾಡಿಸುತ್ತ ಬೇಲಿಯ ಮೇಲೆ ಸರಸರನೆ ಓಡುವುದು ಓತಿಕೇತ. ಒಂದು ಹೆಜ್ಜೆ ಮುಂದಿಡುವ ಮೊದಲು ಹತ್ತು ಸಲ ತೂಗಾಡಿ, ಕಣ್ಣುಗಳೆರಡನ್ನೂ ಬೇರೆಬೇರೆ ದಿಕ್ಕಿಗೆ ಹೊರಳಿಸಿ, ಬಾಲದಿಂದ ಕೊಂಬೆಯನ್ನು ಸುತ್ತಿ ಹಿಡಿಯುವುದು ಗೋಸುಂಬೆ. 1768ರಲ್ಲಿ ಲಾರೆಂಟಿ ಎಂಬ ವಿದ್ವಾಂಸನು ನಮ್ಮ ಗೋಸುಂಬೆಗೆ ಸಿಂಹಳದ ಹೆಸರು ಸೇರಿಸಿ ‘ಕೆಮೀಲಿಯೊ ಝೆಲಾನಿಕಸ್’ ಎಂದು ನಾಮಕರಣ ಮಾಡಿದನು. ಸಂಸ್ಕೃತದಲ್ಲಿ ಇದು ಕೃಕಲಾಸ. ಭಾಗವತದ ನೃಗರಾಜನು ಒಮ್ಮೆ ದಾನ ಕೊಟ್ಟ ಗೋವನ್ನೇ ತಿಳಿಯದೆ ಮತ್ತೊಬ್ಬನಿಗೆ ದಾನಮಾಡಿ, ಆ ಪಾಪದಿಂದ ಕೃಕಲಾಸನಾಗಿ ಹಾಳುಬಾವಿಯಲ್ಲಿ ಬಿದ್ದಿದ್ದನಷ್ಟೆ. ಶ್ರೀಕೃಷ್ಣನು ಬಂದು ಎತ್ತುವ ತನಕ ಬಿಸಿಲು ಕಾಣದ ಬಾವಿಯಲ್ಲಿ ಆ ಪ್ರಾಣಿಯ ಎಲುಬು ಹೇಗೆ ಉಳಿದೀತೆಂದು ಪುರಾಣಕಾರರು ಯೋಚಿಸಿಲ್ಲ. ಇಂದಿನ ಪಶುವೈದ್ಯನು ಕೇಳುವ ಮೊದಲ ಪ್ರಶ್ನೆ ಮಾತ್ರ ಅದೇ.

ಈ ಮಾತು ಬಂದುದು ಸುಮ್ಮನೆ ಅಲ್ಲ. ಹಿಂದೆ ನನ್ನ ತರಗತಿಯಲ್ಲಿದ್ದು ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತರುಣನೊಬ್ಬನು ಯೆಮೆನ್ ದೇಶದ ಗೋಸುಂಬೆಯೊಂದನ್ನು ಮನೆಯಲ್ಲಿ ಸಾಕಿದ್ದಾನೆ. ಅದಕ್ಕೆ ಯಾವ ‘ಯುವಿ-ಬಿ’ ದೀಪ ಅಪಾಯವಿಲ್ಲದ್ದು ಎಂದು ಅವನು ಕನ್ನಡದ ಮೇಷ್ಟರನ್ನು ಕೇಳಿದ್ದು ವಿಚಿತ್ರವೇ. ಆದರೂ ಪ್ರಶ್ನೆಯ ಬೆನ್ನು ಹತ್ತಿ ಹೋದಂತೆ ಅದರ ಹಿಂದೆ ಇನ್ನೂರು ವರ್ಷದ ಚರಿತ್ರೆಯೇ ಇರುವುದು ಕಂಡಿತು. ವಾಚಕರಿಗೂ ಅದು ರುಚಿಸೀತೆಂದು ಇಲ್ಲಿ ಬರೆಯುತ್ತಿದ್ದೇನೆ.

1800ರಲ್ಲಿ ಹರ್ಷೆಲನು ಕೆಂಪು ಬಣ್ಣದಾಚೆ ಕಾಣದ ಶಾಖವಿರುವುದನ್ನು ತೋರಿಸಿದನು. ಆ ಕಡೆ ಇದ್ದರೆ ಈ ಕಡೆಯೂ ಏನಾದರೂ ಇರಬೇಕಲ್ಲವೆ ಎಂದು ಮರುವರ್ಷವೇ ಜರ್ಮನಿಯ ಯೇನಾ ಪಟ್ಟಣದಲ್ಲಿ ರಿಟ್ಟರ್ ಎಂಬ ತರುಣನು ಬೆಳ್ಳಿಯ ಕ್ಲೋರೈಡನ್ನು ಕಾಮನಬಿಲ್ಲಿನ ಬಣ್ಣಗಳಿಗೆ ಹಿಡಿದು ನೋಡಿದನು. ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿ, ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅತಿನೇರಳೆ ಕಿರಣ ಸಿಕ್ಕಿದ್ದು ಹೀಗೆ. ಈ ಕಿರಣಗಳನ್ನು ಎ, ಬಿ, ಸಿ ಎಂದು ಮೂರಾಗಿ ವಿಂಗಡಿಸಿದ್ದು 1932ರ ಕೋಪನ್‌ಹೇಗನ್ ಸಮ್ಮೇಳನ. ನಡುವಿನ ‘ಬಿ’, ಅಂದರೆ 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಭಾಗ, ನಮ್ಮ ಕಥೆಯ ನಾಯಕ. ‘ಸಿ’ ಜೀವಕೋಶಗಳಿಗೆ ಮಾರಕ. ಭೂಮಿಯ ವಾಯುಮಂಡಲವು ಅದನ್ನು ಮೇಲೆಯೇ ತಡೆದುಬಿಡುತ್ತದೆ.

ಈ ಕಿರಣಕ್ಕೂ ಎಲುಬಿಗೂ ಸಂಬಂಧವನ್ನು ಹುಡುಕಿದ್ದು ಬಿಸಿಲಿಲ್ಲದ ದೇಶದವರು. ಹತ್ತೊಂಬತ್ತನೆಯ ಶತಮಾನದ ಲಂಡನ್, ಗ್ಲಾಸ್ಗೋ, ಬರ್ಲಿನ್ ನಗರಗಳ ಹೊಗೆ ಕವಿದ ಬೀದಿಗಳಲ್ಲಿ ಬಡಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ರಿಕೆಟ್ಸ್ ಎಂಬ ರೋಗ. ಜಪಾನಿನಲ್ಲಿ ಮಿಷನರಿ ವೈದ್ಯನಾಗಿದ್ದು ಬ್ರಿಟನ್ನಿಗೆ ಮರಳಿದ ಥಿಯೋಬಾಲ್ಡ್ ಪಾಮ್ ಎಂಬಾತನು, ಪೂರ್ವದೇಶಗಳಲ್ಲಿ ಎಷ್ಟು ಬಡತನವಿದ್ದರೂ ಈ ರೋಗ ಏಕೆ ಕಾಣುವುದಿಲ್ಲವೆಂದು ಯೋಚಿಸಿ, ಇತರ ಮಿಷನರಿಗಳಿಗೂ ಪತ್ರ ಬರೆದು ವಿಚಾರಿಸಿ, ಬಿಸಿಲಿನ ಕೊರತೆಯೇ ಕಾರಣವೆಂದು 1890ರಲ್ಲಿ ಪ್ರಕಟಿಸಿದನು. ಆಗ ಅವನ ಮಾತಿಗೆ ಹೆಚ್ಚು ಜನ ಕಿವಿಗೊಡಲಿಲ್ಲ. ಡೆನ್ಮಾರ್ಕಿನ ಫಿನ್ಸೆನ್ ದೀಪದ ಬೆಳಕಿನಿಂದಲೇ ಚರ್ಮದ ಕ್ಷಯವನ್ನು ಗುಣಪಡಿಸಿ 1903ರಲ್ಲಿ ನೊಬೆಲ್ ಬಹುಮಾನ ಪಡೆದನು. ಮುಂದೆ ಬಂದದ್ದು ಬರ್ಲಿನ್ನಿನ ಮಕ್ಕಳ ವೈದ್ಯ ಹುಲ್ಡ್‌ಷಿನ್ಸ್ಕಿ. ಮೊದಲನೆಯ ಮಹಾಯುದ್ಧ ಮುಗಿದ ಚಳಿಗಾಲ, ಊರೆಲ್ಲ ಹಸಿವು. ಅವನು ಪಾದರಸದ ದೀಪದ ಬೆಳಕನ್ನು ರಿಕೆಟ್ಸ್ ಹಿಡಿದ ಮಕ್ಕಳಿಗೆ ಕೊಟ್ಟು ಎಲುಬು ಗಟ್ಟಿಯಾಗುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದನು. ಅವನು ಮಾಡಿದ ಇನ್ನೊಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ಮಗುವಿನ ಒಂದು ತೋಳಿಗೆ ಮಾತ್ರ ಬೆಳಕು ಬಿಟ್ಟ; ಗುಣವಾದದ್ದು ಎರಡೂ ತೋಳು. ಬೆಳಕು ಎಲುಬನ್ನು ಮುಟ್ಟುವುದಿಲ್ಲ, ಚರ್ಮದಲ್ಲಿ ಏನನ್ನೋ ಹುಟ್ಟಿಸುತ್ತದೆ, ಅದು ರಕ್ತದಲ್ಲಿ ಹರಿದು ಮೈಗೆಲ್ಲ ಹಂಚಿಹೋಗುತ್ತದೆ ಎಂದು ಇದರಿಂದ ಸ್ಪಷ್ಟವಾಯಿತು. ಆ ‘ಏನೋ’ ಎಂಬುದೇ ಡಿ ಜೀವಸತ್ವ. 1922ರಲ್ಲಿ ಮೆಕಾಲಂ ಅದಕ್ಕೆ ಹೆಸರಿಟ್ಟನು.

ಇಲ್ಲಿ ಒಂದು ಮಾತನ್ನು ಬದಿಗೆ ಹೇಳಬೇಕು. ಬಿಸಿಲಿಗೆ ಬರವಿಲ್ಲದ ಪಾವಗಡದಲ್ಲಿಯೂ ಎಲುಬಿನ ನೋವು ಇದೆ. ಅದರ ಕಾರಣ ಬೇರೆ. ಆಳದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲಿಗೂ ಮುಂದೆ ಎಲುಬಿಗೂ ಕೇಡು. ಮೇಲಿನಿಂದ ಬರುವುದು ಎಲುಬನ್ನು ಕಟ್ಟಿದರೆ ಕೆಳಗಿನಿಂದ ಬರುವುದು ಕೆಡಿಸುತ್ತದೆ. ಶುದ್ಧ ನೀರಿನ ಘಟಕಗಳು ಹಳ್ಳಿಗಳಿಗೆ ಬಂದಿರುವುದು ಈ ಕಾರಣಕ್ಕೇ.

ಇನ್ನು ಗೋಸುಂಬೆಯ ವಿಷಯ. ಅದರ ಮೈಯಲ್ಲಿಯೂ ನಡೆಯುವುದು ಇದೇ ರಸಕ್ರಿಯೆ. ಬಿಸಿಲಿನ ಬಿ-ಕಿರಣ ಸಿಗದಿದ್ದರೆ ತಿಂದ ಸುಣ್ಣದಂಶ ಎಲುಬಿಗೆ ಹತ್ತುವುದಿಲ್ಲ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಹಿಡಿತ ತಪ್ಪಿ ಕೊಂಬೆಯಿಂದ ಬೀಳುತ್ತದೆ. ಮೈಯಷ್ಟೇ ಉದ್ದದ ನಾಲಗೆಯನ್ನು ಬಾಣದಂತೆ ಬಿಡುವ ಪ್ರಾಣಿಗೆ ನಾಲಗೆ ಚಾಚುವುದೇ ಅಸಾಧ್ಯವಾಗುತ್ತದೆ. ಕಿಟಕಿಯ ಪಕ್ಕದಲ್ಲಿಟ್ಟಿದ್ದೇನೆ, ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ಸಮಾಧಾನಪಡುವವರುಂಟು. ಸಾಮಾನ್ಯ ಗಾಜು ಬೆಳಕನ್ನೂ ಶಾಖವನ್ನೂ ಬಿಡುತ್ತದೆ, ಬಿ-ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಫಿನ್ಸೆನ್ ತನ್ನ ದೀಪಗಳಿಗೆ ಗಾಜನ್ನು ಬಿಟ್ಟು ಸ್ಫಟಿಕಶಿಲೆಯ ಮಸೂರಗಳನ್ನು ಬಳಸಿದ್ದು ಸುಮ್ಮನೆಯೆ? ಗಾಜಿನ ಪೆಟ್ಟಿಗೆಯನ್ನು ನೇರವಾಗಿ ಬಿಸಿಲಿಗಿಟ್ಟರಂತೂ ಎಲುಬು ಗಟ್ಟಿಯಾಗುವ ಮೊದಲು ಪ್ರಾಣಿ ಬೆಂದುಹೋಗುತ್ತದೆ.

ಹಾಗಾಗಿ ದೀಪ. ಸರೀಸೃಪಗಳಿಗೆಂದೇ ಬಿ-ಕಿರಣ ಸೂಸುವ ನಳಿಕೆ ದೀಪಗಳು ಪೇಟೆಗೆ ಬಂದದ್ದು 1990ರ ದಶಕದಲ್ಲಿ. ಅಲ್ಲಿಂದ ಮುಂದಿನ ಚರಿತ್ರೆ ಅಷ್ಟೇನೂ ಸುಖಕರವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬಂದ ಕೆಲವು ಸುರುಳಿ ದೀಪಗಳು ಸೂರ್ಯನ ಬಿಸಿಲಿನಲ್ಲಿ ಇಲ್ಲವೇ ಇಲ್ಲದಷ್ಟು ಕಿರಿಯ ಅಲೆಯುದ್ದದ ಕಿರಣಗಳನ್ನು ಸೂಸಿ, ಸಾಕುಪ್ರಾಣಿಗಳ ಕಣ್ಣು ಊದಿ ಮುಚ್ಚಿಹೋದವು. 2020ರ ಸಾಂಕ್ರಾಮಿಕದ ಕಾಲದಲ್ಲಿ ಕ್ರಿಮಿನಾಶಕ್ಕೆಂದು ಮಾರಿದ ‘ಯುವಿ’ ದೀಪಗಳು ಸಿ-ಕಿರಣದವು. ಹೆಸರಿನ ಅರ್ಧ ನೋಡಿ ಅದನ್ನು ಗೋಸುಂಬೆಯ ತಲೆಯ ಮೇಲೆ ಕಟ್ಟಿದರೆ ಅದರಷ್ಟು ದೊಡ್ಡ ಅನಾಹುತ ಇನ್ನಿಲ್ಲ.

ನಾನು ಆ ತರುಣನಿಗೆ ಬರೆದದ್ದು ಇಷ್ಟು. ಉದ್ದನೆಯ ನಳಿಕೆ ದೀಪವನ್ನೇ ಕೊಳ್ಳು. ಸುರುಳಿ ದೀಪ ಒಂದೇ ಬಿಂದುವಿನಲ್ಲಿ ಉರಿಯುತ್ತದೆ, ನಳಿಕೆ ಬೆಳಕನ್ನು ಹರಡುತ್ತದೆ. ದೀಪಕ್ಕೂ ಪ್ರಾಣಿಗೂ ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಬೇಡ. ತಂತಿಯ ಬಲೆಯೂ ಕಿರಣದ ಒಂದು ಪಾಲನ್ನು ನುಂಗುತ್ತದೆಂಬುದು ನೆನಪಿರಲಿ. ಶಾಖಕ್ಕೆ ಬೇರೆಯ ದೀಪ. ಹಗಲು ಹನ್ನೆರಡು ತಾಸು ಉರಿಸಿ ರಾತ್ರಿ ಪೂರಾ ಕತ್ತಲೆ ಮಾಡು. ನಳಿಕೆಯು ಕಣ್ಣಿಗೆ ಬೆಳಗುತ್ತಿದ್ದರೂ ಅದರ ಬಿ-ಕಿರಣ ತಿಂಗಳುಗಳಲ್ಲಿ ಕುಂದುತ್ತದೆ. ಅಳೆಯುವ ಉಪಕರಣವಿಲ್ಲದವನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನೆರಳು. ಪೆಟ್ಟಿಗೆಯ ಅರ್ಧದಷ್ಟಾದರೂ ಎಲೆಗಳಿಂದ ತುಂಬಿರಲಿ.

ನೆರಳಿನ ಮಾತನ್ನು ಒತ್ತಿ ಹೇಳಿದ್ದಕ್ಕೆ ಕಾರಣವುಂಟು. 1992ರಲ್ಲಿ ಕೆನಡಾದವರು ಬಿಸಿಲಿನ ಈ ಅಂಶವನ್ನು ಅಳೆಯಲು ಒಂದು ಸೂಚ್ಯಂಕವನ್ನು ತಂದರು. ಅದರಲ್ಲಿ 11ಕ್ಕೆ ಮೇಲ್ಪಟ್ಟದ್ದು ಅತ್ಯಂತ ತೀವ್ರ. ನಮ್ಮ ಬೇಸಗೆಯ ನಡುಹಗಲು ಅದನ್ನು ಮುಟ್ಟುತ್ತದೆ, ಮೀರುತ್ತದೆ. ಅಮೆರಿಕದ ಫರ್ಗುಸನ್ ಮತ್ತು ಅವನ ಸಂಗಡಿಗರು ಹಲ್ಲಿ, ಹಾವುಗಳು ತಾವಾಗಿಯೇ ಎಷ್ಟು ಬಿಸಿಲಿಗೆ ಮೈಯೊಡ್ಡುತ್ತವೆಂದು ಅಳೆದು 2010ರಲ್ಲಿ ನಾಲ್ಕು ವರ್ಗ ಮಾಡಿದರು. ಬಿಸಿಲನ್ನು ಬಹುವಾಗಿ ಬಯಸುವ ನಾಲ್ಕನೆಯ ವರ್ಗದ ಪ್ರಾಣಿಗಳು ಸಹ ಸರಾಸರಿಯಲ್ಲಿ ತೆಗೆದುಕೊಂಡದ್ದು ಸುಮಾರು 3.5ರ ಒಳಗೆ. ಮಡಗಾಸ್ಕರಿನ ಗೋಸುಂಬೆಗಳ ಮೇಲೆ ಅದೇ ತಂಡದವರು ನಡೆಸಿದ ಪರೀಕ್ಷೆ ಇನ್ನೂ ಸೊಗಸಾದದ್ದು. ಆಹಾರದಲ್ಲಿ ಡಿ ಜೀವಸತ್ವ ಕಡಮೆಯಿದ್ದ ಗೋಸುಂಬೆ ಕಿರಣದಲ್ಲಿ ಹೆಚ್ಚು ಹೊತ್ತು ಕುಳಿತಿತು. ಹೊಟ್ಟೆಯಲ್ಲಿಯೇ ಸಾಕಷ್ಟು ಇದ್ದದ್ದು ಬೇಗ ನೆರಳಿಗೆ ಸರಿಯಿತು. ತನ್ನ ರಕ್ತದಲ್ಲಿ ಎಷ್ಟಿದೆಯೆಂದು ಅದಕ್ಕೆ ಹೇಗೋ ಗೊತ್ತು. ಆಯ್ಕೆಗೆ ಬಿಸಿಲೂ ನೆರಳೂ ಎರಡೂ ಇದ್ದರೆ ಮಾತ್ರ ಆ ಜಾಣತನ ಕೆಲಸಕ್ಕೆ ಬರುತ್ತದೆ.

ಈ ದೀಪಕ್ಕೆ ಬರುವ ವಿದ್ಯುತ್ತು ಪಾವಗಡದ್ದೇ ಇರಬಹುದು ಎಂಬುದನ್ನು ನೆನೆದರೆ ನಗು ಬರುತ್ತದೆ. ತಿರುಮಣಿಯ ಬಯಲಿನಲ್ಲಿ ಸೂರ್ಯನ ಬೆಳಕನ್ನು ಹಿಡಿದು, ತಂತಿಯಲ್ಲಿ ಹರಿಸಿ, ಬೆಂಗಳೂರಿನ ಕೋಣೆಯೊಂದರಲ್ಲಿ ಅದರ ಒಂದಿಷ್ಟನ್ನು ಮತ್ತೆ ಬಿ-ಕಿರಣವಾಗಿ ಮಾಡಿ ಯೆಮೆನ್ ಪ್ರಾಣಿಗೆ ಉಣಿಸುವುದು!

ಯೆಮೆನ್ನಿನದನ್ನು ಬಿಡಿ. ಅಂಥ ಪರದೇಶದ ಪ್ರಾಣಿಗಳನ್ನು ಸಾಕುವವರು ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕೆಂದು ವನ್ಯಜೀವಿ ಕಾಯಿದೆಯ 2022ರ ತಿದ್ದುಪಡಿಯೂ 2024ರ ನಿಯಮಗಳೂ ವಿಧಿಸಿವೆ. ನನಗೆ ಕಳವಳವಿರುವುದು ನಮ್ಮ ಬೇಲಿಯ ಗೋಸುಂಬೆಯ ಬಗ್ಗೆ. ದೀಪದ ಬಗ್ಗೆ ಕೇಳುವವರಲ್ಲಿ ಕೆಲವರಾದರೂ ಹೊಲದಿಂದ ಹಿಡಿದು ತಂದದ್ದಕ್ಕಾಗಿ ಕೇಳುತ್ತಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಈ ಪ್ರಾಣಿಗುಂಟು. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಹಾಗೆ ತಂದವರಿಗೆ ಯಾವ ದೀಪವೂ ಸರಿಯಾದ ದೀಪವಲ್ಲ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ.

ಸಾಕುವವರಿಗಿಂತ ಕೊಲ್ಲುವವರಿಂದಲೇ ಇದಕ್ಕೆ ಹೆಚ್ಚು ಅಪಾಯವೆಂದು ತೋರುತ್ತದೆ. ಇದು ವಿಷಜಂತು, ಕಂಡರೆ ಕೇಡು ಎಂದು ಕಲ್ಲೆಸೆಯುವವರು ಈಗಲೂ ಇದ್ದಾರೆ. ಪಕ್ಷ ಬದಲಿಸುವ ರಾಜಕಾರಣಿಗೆ ಇದರ ಹೆಸರಿಟ್ಟು ನಾವು ಓದಿದವರೂ ಅದಕ್ಕೆ ಅಪಕೀರ್ತಿ ತಂದಿದ್ದೇವೆ. ನಿಜಕ್ಕೆ ಗೋಸುಂಬೆ ಬಣ್ಣ ಬದಲಿಸುವುದು ಎದುರಿನವರನ್ನು ವಂಚಿಸಲು ಅಲ್ಲ. ಅದರ ಚರ್ಮದೊಳಗೆ ಸೂಕ್ಷ್ಮ ಹರಳುಗಳ ಸಾಲಿದೆ. ಅವುಗಳ ನಡುವಿನ ಅಂತರ ಬದಲಾದಂತೆ ಬಣ್ಣ ಬದಲಾಗುತ್ತದೆಂದು 2015ರಲ್ಲಿ ಜಿನೀವಾದ ವಿಜ್ಞಾನಿಗಳು ಮಡಗಾಸ್ಕರಿನ ಗೋಸುಂಬೆಯಲ್ಲಿ ಕಂಡುಕೊಂಡರು. ಸಿಟ್ಟು, ಹೆದರಿಕೆ, ಚಳಿ, ಬಿಸಿ ಎಲ್ಲವನ್ನೂ ಅದು ಮೈಮೇಲೆ ಬರೆದು ತೋರಿಸುತ್ತದೆ. ಇಷ್ಟು ಮುಚ್ಚುಮರೆಯಿಲ್ಲದ ಪ್ರಾಣಿಗೆ ನಾವು ಕೊಟ್ಟ ಉಪಮೆ ಅನ್ಯಾಯದ್ದು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆ 2007ರಲ್ಲಿ ಸಂರಕ್ಷಿತ ಪ್ರದೇಶವೊಂದು ಏರ್ಪಟ್ಟಿತು. ಗೋಸುಂಬೆಗೆ ಅಂಥ ವಿಶಾಲವಾದ ಜಾಗ ಬೇಕಿಲ್ಲ. ಹೊಲದಂಚಿನ ಜೀವಂತ ಬೇಲಿಯೂ ಒಂದೆರಡು ಮರವೂ ಸಾಕು. ಬೆಳಗಿನ ಎಳೆಬಿಸಿಲಿಗೆ ಅಗಲವಾಗಿ ಮೈಯೊಡ್ಡಿ ಕಪ್ಪಾಗಿ ಕುಳಿತು, ಬೆಚ್ಚಗಾದ ಮೇಲೆ ಹಸುರಾಗಿ ಎಲೆಗಳೊಳಗೆ ಸರಿಯುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮಣ್ಣು ತೋಡಿ ಮೊಟ್ಟೆಯಿಡುವುದಕ್ಕೆ. ಡಾಂಬರು ರಸ್ತೆಯನ್ನು ದಾಟುವಾಗಲೂ ಅದು ತನ್ನ ತೂಗಾಟದ ನಡಿಗೆಯನ್ನು ಬಿಡುವುದಿಲ್ಲ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವವರಿಗೆ ಅಂಥದ್ದು ಕಂಡರೆ, ವಾಹನ ನಿಲ್ಲಿಸಿ, ಒಂದು ಕೋಲನ್ನು ಅದರ ಮುಂದೆ ಹಿಡಿಯಲಿ. ಅದು ತಾನಾಗಿಯೇ ಹತ್ತುತ್ತದೆ. ಹೊರಟಿದ್ದ ಕಡೆಯ ಬೇಲಿಗೇ ಬಿಡಬೇಕು. ಹಿಂದಕ್ಕೆ ಬಿಟ್ಟರೆ ಮತ್ತೆ ದಾಟಲು ಬರುತ್ತದೆ. ಬಾಯಿ ತೆರೆದು ಬುಸುಗುಟ್ಟೀತು. ಹೆದರಬೇಕಾಗಿಲ್ಲ, ವಿಷವಿಲ್ಲ.